ಕೂಗು ಮುಚ್ಚಿದ ಕಂಬಿ

ನಾನು ಒಂದು ರೈಲು ಕಂಬಿಯ ತುಂಡು. ಮೊಳಕ್ಕಿಂತ ತುಸು ಉದ್ದ, ಒಂದು ತುದಿಯಲ್ಲಿ ತೂತು. ಹುಟ್ಟಿದ್ದು ಕಡಲಾಚೆಯ ಯಾವುದೋ ಕುಲುಮೆಯಲ್ಲಿ. ಕೆಂಪಗೆ ಕಾದು, ಹಿಂಡಿಸಿಕೊಂಡು, ತಣ್ಣಗಾಗಿ, ಹಡಗಿನ ಹೊಟ್ಟೆಯಲ್ಲಿ ಅಂಡಮಾನಿನ ಒಂದು ಸಣ್ಣ ಬಂದರಿಗೆ ಬಂದೆ. ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಟ್ರಾಲಿಯ ದಾರಿಯಲ್ಲಿ ನನ್ನನ್ನು ಮಲಗಿಸಿದರು. ಒಂದು ಸಲ ದಿಮ್ಮಿ ಉರುಳಿ ಇಬ್ಬರು ಕೈದಿಗಳ ಮೇಲೆ ಬಿತ್ತು, ನಾನೂ ಬಾಗಿಹೋದೆ. ಅವರನ್ನು ಹೂಳಿದರು, ನನ್ನನ್ನು ಕತ್ತರಿಸಿದರು. ನೆಟ್ಟಗಿದ್ದ ತುಂಡನ್ನು ಕಚೇರಿಯ ಜಗಲಿಯ ತೊಲೆಗೆ ತೂಗುಹಾಕಿ ಗಂಟೆ ಎಂದು ಕರೆದರು.

ನನ್ನನ್ನು ಬಾರಿಸುತ್ತಿದ್ದವನು ಗುರುಪಾದ. ಬಿಜಾಪುರದ ಕಡೆಯವನು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯನ್ನು ಕಡಿದು ಕೈದಿಯಾಗಿ ಬಂದವನು, ಶಿಕ್ಷೆ ಮುಗಿದ ಮೇಲೆ ಊರಿಗೆ ತೋರಿಸಲು ಮುಖವಿಲ್ಲದೆ ಇಲ್ಲಿಯೇ ಉಳಿದ. ಇನ್ನೊಬ್ಬ ಕೈದಿಯ ಮಗಳು ಶೇಖವ್ವನನ್ನು ಮದುವೆಯಾದ. ನನಗಿಂತ ನಿಮಗೆ ಆ ಕಬ್ಬಿಣವೇ ಹೆಚ್ಚು ಎಂದು ಅವಳು ಹಂಗಿಸುವಳು. ಅದು ಬಡಿದರಷ್ಟೇ ಮಾತಾಡುತ್ತದೆ, ನಿನಗೆ ಅದೂ ಬೇಕಾಗಿಲ್ಲ ಎಂದು ಇವನು ನಗುವನು. ಒಂದೊಂದು ಏಟಿನ ನಡುವೆ ಒಂದು ಉಸಿರಿನಷ್ಟು ಬಿಡುವು ಕೊಟ್ಟು ಅವನು ಹೊತ್ತು ತಿಳಿಸುತ್ತಿದ್ದ. ಜನ ನನ್ನ ಸದ್ದಿಗೆ ಒಲೆ ಹೊತ್ತಿಸುತ್ತಿದ್ದರು, ಬಲೆ ಎತ್ತುತ್ತಿದ್ದರು.

ಯುದ್ಧ ಬಂತು. ಬ್ರಿಟಿಷರು ಹಡಗು ಹತ್ತಿ ಹೋದರು, ಜಪಾನಿನವರು ಇಳಿದರು. ನಾನಿದ್ದ ಕಚೇರಿ ಜನರನ್ನು ಹೊಡೆದು ಬಾಯಿ ಬಿಡಿಸುವ ಮನೆಯಾಯಿತು. ಗೂಢಚಾರರೆಂಬ ಅನುಮಾನದ ಮೇಲೆ ಸಿಕ್ಕಿದವರನ್ನೆಲ್ಲ ಎಳೆದು ತರುವರು. ಒಳಗಿನ ಕೂಗು ಪೇಟೆಗೆ ಕೇಳಬಾರದೆಂದು ಅವರ ಕ್ಯಾಪ್ಟನ್ ಒಂದು ಉಪಾಯ ಮಾಡಿದ: ಹೊಡೆತ ಮುಗಿಯುವ ತನಕ ಗುರುಪಾದ ನನ್ನನ್ನು ಬಿಡುವಿಲ್ಲದೆ ಬಾರಿಸಬೇಕು. ಮೊದಲ ದಿನ ಅವನ ಕೈ ನಿಂತುಬಿಟ್ಟಿತು. ಬಂದೂಕಿನ ಹಿಡಿ ಅವನ ಮುಂದಿನ ಹಲ್ಲುಗಳನ್ನು ಉದುರಿಸಿತು. ಆಮೇಲೆ ಕೈ ನಿಲ್ಲಲಿಲ್ಲ.

ಊರಿಗೆ ಬೇಗ ಗೊತ್ತಾಯಿತು. ನಾನು ಬಿಟ್ಟು ಬಿಟ್ಟು ನುಡಿದರೆ ಹೊತ್ತು, ಬಿಡದೆ ನುಡಿದರೆ ಯಾರದೋ ಮೈ.

ಶಾಲೆಯ ಮಾಸ್ತರ ಇಲಾಹಿಯನ್ನು ತಂದದ್ದು ಲಾಂದ್ರಕ್ಕಾಗಿ. ಮೀನಿಗೆ ಹೋಗಿದ್ದ ಅಣ್ಣ ಮುಖ್ತಾರನ ದೋಣಿಗೆ ದಾರಿ ಕಾಣಲೆಂದು ಅವನು ದಡದಲ್ಲಿ ಲಾಂದ್ರ ಎತ್ತಿ ಹಿಡಿದಿದ್ದ. ಶತ್ರುವಿನ ಹಡಗಿಗೆ ಸನ್ನೆ ಮಾಡಿದೆ ಎಂದರು. ಉಗುರು ಕಿತ್ತರು. ತಲೆಕೆಳಗು ಮಾಡಿ ಕಟ್ಟಿ ಬಿದಿರಿನಿಂದ ಬಡಿದರು. ಅವನು ಅಣ್ಣನ ಹೆಸರು ಕೂಗುತ್ತಿದ್ದ. ಬೇಲಿಯಾಚೆ ನಿಂತಿದ್ದ ಮುಖ್ತಾರನಿಗೆ ಕೇಳಿಸಿದ್ದು ನಾನು ಮಾತ್ರ. ಗುರುಪಾದ ಕೈ ಇಳಿಸಿದಾಗ ಒಳಗೂ ಸದ್ದಿರಲಿಲ್ಲ.

ಜಪಾನ್ ಸೋತಿತು. ಬ್ರಿಟಿಷ್ ಸರ್ಕಾರವನ್ನು ಮತ್ತೆ ನಿಲ್ಲಿಸಲು ಬಂದವರು ತಹಸೀಲ್ದಾರ್ ಸೇತುರಾಯರು, ಬಳ್ಳಾರಿಯವರು. ಒಂದು ಮೇಜು, ಒಂದು ಬಾವುಟ, ಬಂದರಿನಲ್ಲಿ ನಾಲ್ಕಾರು ಸಿಪಾಯಿಗಳು, ಇಷ್ಟೇ ಸರ್ಕಾರ. ಒಂದು ದಿನ ಅವರ ಮೇಲಧಿಕಾರಿ ಕಮಿಷನರ ಹಡಗು ಬರುವುದಿತ್ತು. ಸ್ವಾಗತಕ್ಕೆ ಕಚೇರಿಯ ಮುಂದೆ ಮಾತ್ರ ನರಪಿಳ್ಳೆಯಿಲ್ಲ.

"ಜನಾ ಬರಬೇಕಲ್ಲಪಾ," ಎಂದರು ರಾಯರು. "ಬಿಡದಂಗ ಬಾರ್ಸು. ಮದಿವಿ ಮನಿ ಅನಬೇಕು."

"ಬ್ಯಾಡ್ರಿ ಸಾಹೇಬ್ರ. ಈ ಊರಾಗ ಅದರ ಅರ್ಥ ಬ್ಯಾರೆ ಐತಿ."

"ಹೊಸಾ ಸರ್ಕಾರ, ಹೊಸಾ ಅರ್ಥ. ಬಾರ್ಸು," ಎಂದು ಅವರು ಕಮಿಷನರನ್ನು ಎದುರುಗೊಳ್ಳಲು ಬಂದರಿಗೆ ನಡೆದರು.

ಗುರುಪಾದ ಬಾರಿಸಿದ. ಪೇಟೆಯ ಬಾಗಿಲುಗಳು ದಡದಡ ಮುಚ್ಚಿದವು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಾಡಿಗೆ ಓಡಿದರು. ಓಡದೆ ಬಂದವರ ಕೈಯಲ್ಲಿ ಕಾಡು ಸವರುವ ಮಚ್ಚುಗಳಿದ್ದವು. ಎಲ್ಲರ ಮುಂದೆ ಮುಖ್ತಾರ. ಅದೇ ತೊಲೆ, ಅದೇ ಕಬ್ಬಿಣ, ಅದೇ ಕೈ ಅವನಿಗೆ ಕಂಡಿತು.

"ಚಾಚಾ," ಎಂದ ಮೆತ್ತಗೆ, "ಯಾವ ಕೈಯಿಂದ ಬಾರಿಸಿದೆ?"

ಗುರುಪಾದ ಬಲಗೈ ಎತ್ತಿ ತೋರಿಸಿದ. ಓಡಲಿಲ್ಲ. ಮಚ್ಚು ಮಣಿಕಟ್ಟಿನ ಮೇಲೆ ಬಿತ್ತು. ನನ್ನ ಮೈಗೆ ಬಿಸಿರಕ್ತ ಸಿಡಿಯಿತು. ಎರಡನೆಯ ಏಟು ಕುತ್ತಿಗೆಗೆ ಏಳುವಷ್ಟರಲ್ಲಿ ಶೇಖವ್ವ ಅಡುಗೆಮನೆಯಿಂದ ಓಡಿಬಂದು ಮುಖ್ತಾರನ ತೋಳಿಗೆ ಜೋತುಬಿದ್ದು ಹಲ್ಲು ನೆಟ್ಟಳು. ಮಚ್ಚು ಜಾರಿತು. ಸಿಪಾಯಿಗಳು ಬಂದಾಗ ಮಚ್ಚುಗಳೆಲ್ಲ ನೆಲದ ಮೇಲೆ ಒಟ್ಟಾಗಿ ಬಿದ್ದಿದ್ದವು. ಗುರುಪಾದನನ್ನು ಎತ್ತಲು ಹೋದವರ ಅಂಗಿಗಳೆಲ್ಲ ರಕ್ತ. ಯಾರು ಕಡಿದರೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ತಮ್ಮನನ್ನು ಕಳೆದುಕೊಂಡವನು, ಇವನೇ ಇರಬೇಕು ಎಂಬ ಅನುಮಾನದ ಮೇಲೆ ಮುಖ್ತಾರನನ್ನು ಕಟ್ಟಿದರು.

ಗಾಯ ಒಣಗುವ ಮೊದಲೇ ಮೊಕದ್ದಮೆ. ಮರಳಿ ಬಂದ ಸರ್ಕಾರದ ಮೊದಲ ಮೊಕದ್ದಮೆಯಲ್ಲಿ ಶಿಕ್ಷೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಜನ ಹೆದರುವುದಿಲ್ಲ ಎಂದು ಕಮಿಷನರ ಅಪ್ಪಣೆ: ಅಪರಾಧ ರುಜುವಾತಾದರೆ ಜೀವಾವಧಿ ಗಡೀಪಾರು. ಕಾಲಾಪಾನಿಯಲ್ಲೇ ಹುಟ್ಟಿದವನನ್ನು ಇನ್ನೆಲ್ಲಿಗೆ ಗಡೀಪಾರು ಮಾಡುವುದು ಎಂದು ರಾಯರು ಗೊಣಗಿಕೊಂಡರು. ಎಲ್ಲವೂ ಗುರುಪಾದನ ಒಂದು ಮಾತಿನ ಮೇಲೆ ನಿಂತಿತ್ತು.

"ಹೆಸರ ಹೇಳ್ರಿ," ಎಂದಳು ಶೇಖವ್ವ, ಅವನನ್ನು ಜಗಲಿಗೆ ಹತ್ತಿಸುತ್ತ. "ಇನ್ನ ಮ್ಯಾಲೆ ತುತ್ತು ಕಲಸೂದೂ ನಾನ ಆಗೇತಿ."

ಗುರುಪಾದ ಮೇಜಿನ ಮುಂದೆ ನಿಂತ. ಕಡಿದವನು ಯಾರು ಎಂದು ರಾಯರು ಕೇಳಿದರು.

"ಈ ಹುಡುಗನ ತಮ್ಮ ಸಾಯೂಮುಂದ ಕೂಗಿದ್ದು ಯಾರಿಗೂ ಕೇಳದಂಗ ಮಾಡಿದಾವ ನಾನರೀ," ಎಂದ ಅವನು. "ನನ್ನ ಕೂಗೂ ಯಾರಿಗೂ ಕೇಳಲಿಲ್ಲ ಅಂತ ಬರಕೋರಿ. ಕಡದಾವನ್ನ ನಾ ನೋಡಿಲ್ಲ."

ಶೇಖವ್ವನನ್ನು ಕೇಳಿದರು. ಅವಳು ಗಂಡನನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, ಇಲ್ಲವೆಂದು ತಲೆಯಾಡಿಸಿದಳು. ಕಮಿಷನರು ಕೆಂಪಾಗಿ ಎದ್ದುಹೋದರು. ರಾಯರು ಮುಖ್ತಾರನ ಹಗ್ಗ ಬಿಚ್ಚಿಸಿದರು. ಮೆಟ್ಟಿಲಿಳಿಯುವಾಗ ಗುರುಪಾದ ಅವನಿಗೆ ಹೇಳಿದ್ದು ಒಂದೇ: ನಿನ್ನ ತಮ್ಮ ಕಡೆಯ ತನಕ ನಿನ್ನ ಹೆಸರನ್ನೇ ಕೂಗಿದ. ಮುಖ್ತಾರ ಅಲ್ಲೇ ಮೆಟ್ಟಿಲ ಮೇಲೆ ಕೂತ.

ರಾಯರು ಅಂದೇ ನನ್ನನ್ನು ಇಳಿಸಿದರು. ಆಮೇಲೆ ಕೊಡೆ ಹಿಡಿದು ಮನೆಮನೆಗೆ ತಾವೇ ನಡೆದರು. ಅಕ್ಕಿ ಇದೆಯೇ, ಮಗು ಶಾಲೆಗೆ ಬರುವುದೇ, ಸತ್ತವರು ಯಾರು ಎಂದು ಕೇಳಿದರು. ಬೈಗುಳ ತಿಂದರು, ಚಹಾ ಕುಡಿದರು. ಸರ್ಕಾರ ಈ ಊರಿಗೆ ಮರಳಿದ್ದು ಹಾಗೆ, ಸದ್ದಿಲ್ಲದೆ, ಒಂದೊಂದೇ ಹೊಸ್ತಿಲಿಗೆ.

ಈಗ ನಾನು ದಡದಲ್ಲಿ ಅರ್ಧ ಹೂತುಕೊಂಡಿದ್ದೇನೆ, ದೋಣಿಗಳ ಹಗ್ಗ ಕಟ್ಟುವ ಗೂಟವಾಗಿ. ಉಪ್ಪುನೀರು ನನ್ನನ್ನು ಹೊಪ್ಪಳೆ ಹೊಪ್ಪಳೆಯಾಗಿ ತಿನ್ನುತ್ತಿದೆ. ಯಾರೂ ಬಡಿಯುವುದಿಲ್ಲ, ಮೌನ ಇಷ್ಟು ಸುಖವೆಂದು ನನಗೆ ಗೊತ್ತಿರಲಿಲ್ಲ. ಗುರುಪಾದ ಸಂಜೆ ನನ್ನ ಪಕ್ಕ ಕೂರುತ್ತಿದ್ದ, ಮುಖ್ತಾರ ಬಂದು ಹಗ್ಗ ಕಟ್ಟಿ ಹೋಗುತ್ತಿದ್ದ. ಅವರಿಬ್ಬರೂ ಮಾತಾಡಿದ್ದನ್ನು ನಾನು ಎಂದೂ ಕೇಳಲಿಲ್ಲ. ಗುರುಪಾದ ಸತ್ತ ದಿನ ಮೀನು ದಂಡಿಯಾಗಿ ಬಂದಿತ್ತು. ಎಲ್ಲ ದೋಣಿಗಳೂ ಕಡಲಿಗೆ ಇಳಿದವು, ಮುಖ್ತಾರನದೊಂದನ್ನು ಬಿಟ್ಟು.