ಒಳಮುಖದ ಮೂರು ಅಂಕಿ

ರಾತ್ರಿ ಎರಡೂವರೆಗೆ ಕೇಳಿಸಿದ ಸಣ್ಣ ಸದ್ದೊಂದರ ಬೆನ್ನು ಹಿಡಿದು ಪದ್ಮಿನಿ ಬರಿಗಾಲಲ್ಲಿ ಮೆಟ್ಟಿಲಿಳಿಯುತ್ತಿದ್ದಳು. ಕೆಳಗೆ ನಡುಮನೆಯಲ್ಲಿ ಗಂಡ ಮಹಾಬಲೇಶ್ವರ ಮಲಗಿದ್ದರು. ಸತ್ತು ನಾಲ್ಕು ದಿನವಾಗಿತ್ತು, ಬೆಳಗಾದರೆ ದಹನ. ಶವ ಕೆಡದಂತೆ ಅವರ ಬೆನ್ನಡಿಗೆ ಇಟ್ಟ ವಿದ್ಯುತ್ ತಂಪು ಹಲಗೆ ಹಗಲೂ ರಾತ್ರಿ ಫ್ರಿಜ್ಜಿನಂತೆ ಗುಂಯ್‌ಗುಡುತ್ತಿತ್ತು. ಆ ಸದ್ದು ಅವಳಿಗೆ ರೂಢಿಯಾಗಿತ್ತು. ಇದು ಅದಲ್ಲ. ಯಾರೋ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಉಸಿರು ಬಿಟ್ಟಂತಿತ್ತು.

ಒಲೆಯ ಗುಂಡಿಗಳನ್ನು ನೋಡಿದಳು. ಹಿಂಬಾಗಿಲ ಚಿಲಕ ಮುಟ್ಟಿದಳು. ಅಡುಗೆಮನೆಯಿಂದ ಗ್ಯಾರೇಜಿಗೆ ಹೋಗುವ ಬಾಗಿಲು ತೆರೆದಾಗ ಸದ್ದು ಹತ್ತಿರವಾಯಿತು.

ಕಾರು ನಾಳೆಗೆ ಸಿದ್ಧವಾಗಿ ನಿಂತಿತ್ತು. ಮೂವತ್ತೆರಡನೇ ಇಸವಿಯ ಅಮೆರಿಕನ್ ಗಾಡಿ. ಮಡ್‌ಗಾರ್ಡುಗಳನ್ನು ಕಳಚಿ, ಎಂಜಿನ್ನನ್ನು ಬಯಲಿಗಿಟ್ಟು, ಮುಂದೆ ಸಣ್ಣ ಚಕ್ರ ಹಿಂದೆ ಭಾರೀ ಚಕ್ರ ಹಾಕಿ ಮಹಾಬಲೇಶ್ವರ ಒಂಬತ್ತು ವರ್ಷ ಕೂತು ಕಟ್ಟಿದ ಹಾಟ್ ರಾಡ್. ನಾಳೆ ಶವದ ವ್ಯಾನಿನ ಹಿಂದೆ ಇದನ್ನು ಸಾತ್ವಿಕ್ ಓಡಿಸುವುದು, ಪಕ್ಕದಲ್ಲಿ ಹಿತಾ ಕೂರುವುದು ಎಂದು ಮಕ್ಕಳು ಮೊದಲ ದಿನವೇ ಮಾತಾಡಿಕೊಂಡಿದ್ದರು. ಡಚ್ಚರ ಈ ಸಣ್ಣ ಊರು ಬಾಡ್‌ಹೂವೆಡಾರ್ಪಿನಿಂದ ಚಿತಾಗಾರಕ್ಕೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ.

ಬಲಗಡೆಯ ಹಿಂದಿನ ಟೈರಿನಿಂದ ಗಾಳಿ ಸೋರುತ್ತಿತ್ತು. ಹೊರಗಿನಿಂದ ಏನೂ ಕಾಣಲಿಲ್ಲ. ಫೋನಿನ ಬೆಳಕು ಹಿಡಿದು, ನೆಲದ ಮೇಲೆ ಮಲಗಿ, ಕಾರಿನಡಿಗೆ ತಲೆ ತೂರಿಸಿ ಟೈರಿನ ಒಳಮುಖ ನೋಡಿದಳು. ಕಪ್ಪು ರಬ್ಬರಿನ ತುಂಬ ಹಳೆಯ ಪಿಂಗಾಣಿ ಬಟ್ಟಲಿನಲ್ಲಿರುವಂಥ ಕೂದಲೆಳೆಯ ಬಿರುಕುಗಳು. ಒಂದರಲ್ಲಿ ಅವಳ ಹೆಬ್ಬೆರಳಿನ ಉಗುರು ಸಲೀಸಾಗಿ ಇಳಿಯಿತು. ಬಿರುಕಿನ ಪಕ್ಕದಲ್ಲಿ ಉಬ್ಬಚ್ಚಿನಲ್ಲಿ ಮೂರು ಅಂಕಿ: 238.

ಆ ಅಂಕಿಯನ್ನು ಓದಲು ಅವಳಿಗೆ ಕಲಿಸಿದವರು ಮಹಾಬಲೇಶ್ವರರೇ. ಮೊದಲಿನ ಎರಡು, ಟೈರು ತಯಾರಾದ ವಾರ. ಉಳಿದದ್ದು ವರ್ಷದ ಕೊನೆಯ ಅಂಕಿ. ಎರಡು ಸಾವಿರದ ಇಸವಿಯಿಂದ ಈಚೆಗೆ ನಾಲ್ಕು ಅಂಕಿ ಹಾಕುತ್ತಾರೆ. "ಮೂರೇ ಇದ್ರೆ ಹೋದ ಶತಮಾನದ್ದು ಅಂತ ತಿಳ್ಕೊ. ಬಿಟ್ಟಿ ಕೊಟ್ರೂ ಮುಟ್ಬಾರ್ದು, ಹೈವೇಲಿ ಸಿಡಿಯತ್ತೆ," ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಇಪ್ಪತ್ತಮೂರನೆಯ ವಾರ, ಎಂಟರಲ್ಲಿ ಮುಗಿಯುವ ವರ್ಷ; ತೊಂಬತ್ತರ ದಶಕದ ತ್ರಿಕೋನದ ಗುರುತಿಲ್ಲ, ಹಾಗಾದರೆ ಎಂಬತ್ತೆಂಟೋ ಅದಕ್ಕೂ ಹಿಂದಿನದೋ. ಅವರಿಬ್ಬರ ಮದುವೆಗಿಂತ ಹಳೆಯ ಟೈರು.

ಎಡಗಡೆಯದನ್ನೂ ನೋಡಿದಳು. ಅದೂ 238. ಎರಡನ್ನೂ ಅಂಕಿ ಒಳಗೆ ಬರುವಂತೆ ತಿರುಗಿಸಿ ಜೋಡಿಸಲಾಗಿತ್ತು.

ಇವು ಹೊಸ ಟೈರು ಎಂದು ಅವರು ಅವಳಿಗೆ ಹೇಳಿದ್ದರು.

*

ಮೂರು ವರ್ಷದ ಹಿಂದೆ, ಒಂದು ಶನಿವಾರ. ಹೆಂಕ್ ಎಂಬ ಮುದುಕ ಹಳೇ ಕಾರಿನ ಭಾಗಗಳನ್ನು ಪೇರಿಸಿಟ್ಟಿದ್ದ ಕೊಟ್ಟಿಗೆ. ಗಂಡನ ಕೈಯಲ್ಲಿ ಒಂದು ಹಾಳೆ. ಮೈಸೂರಿನ ಅಗ್ರಹಾರದ ರದ್ದಿ ಅಂಗಡಿಯಲ್ಲಿ ಹದಿನಾಲ್ಕನೇ ವಯಸ್ಸಿನಲ್ಲಿ ಹರಿದುಕೊಂಡ ವಿದೇಶಿ ಪತ್ರಿಕೆಯ ಪುಟ. ಅದರಲ್ಲಿ ಇಂಥದೇ ಕಾರಿನ ಕಪ್ಪುಬಿಳಿ ಚಿತ್ರ. ನಾಲ್ಕು ಮನೆ ಬದಲಾಯಿಸಿ, ಒಂದು ಸಮುದ್ರ ದಾಟಿ ಆ ಹಾಳೆ ಇಲ್ಲಿಗೆ ಬಂದಿತ್ತು.

"ಹಿಂದಿನ ಟೈರ್ ಸರಿ ಇಲ್ದಿದ್ರೆ ಇಡೀ ಕಾರೇ ಸುಳ್ಳು ಕಣೆ," ಎಂದರು. "ಮುಂದುಗಡೆ ಏನಿದ್ರೂ ನಡಿಯತ್ತೆ."

ಹೆಂಕ್ ಗೋಡೆಗೆ ಒಂದು ಈಗಿನ ಕಾಲದ ಟೈರು ಒರಗಿಸಿಟ್ಟ. ಗಟ್ಟಿ, ಭದ್ರ, ಆದರೆ ಬಾಡಿಗೆ ಕಾರಿನಿಂದ ಬಿಚ್ಚಿ ತಂದಂತಿತ್ತು. ಇನ್ನೊಂದನ್ನು ಕ್ಯಾಟಲಾಗಿನಲ್ಲಿ ತೋರಿಸಿದ: ಒಳಗೆಲ್ಲ ಇಂದಿನ ಭದ್ರವಾದ ರೇಡಿಯಲ್ ಟೈರು, ಹೊರಗೆ ಹಳೇ ಅಚ್ಚು. ಅಮೆರಿಕದಿಂದ ತರಿಸಬೇಕು, ಐದು ತಿಂಗಳು ಕಾಯಬೇಕು. ಮೂರನೆಯದು ಮೂಲೆಯಲ್ಲಿ ಹೊದಿಕೆಯಡಿ ಇದ್ದ ಜೋಡಿ. ಎತ್ತರದ ನಿಲುವು, ಚೌಕಾದ ಭುಜ, ಅಡ್ಡಡ್ಡ ಗೀರಿದ ದಪ್ಪ ಹಲ್ಲು.

"ನೀನು ಹೇಳು," ಎಂದರು ಮಹಾಬಲೇಶ್ವರ. "ನಿನ್ ಕಣ್ಣು ಸೂಕ್ಷ್ಮ."

ಅವಳು ಹಾಳೆ ನೋಡಿದಳು, ಟೈರು ನೋಡಿದಳು. ಸುರಕ್ಷತೆಯ ವಿಚಾರ ಅವಳ ತಲೆಗೇ ಬರಲಿಲ್ಲ. ಅದನ್ನು ನೋಡಿಕೊಳ್ಳಲು ಅವರಿದ್ದರಲ್ಲ. "ಇದು," ಎಂದು ಮೂರನೆಯದನ್ನು ತೋರಿಸಿದಳು. "ಫೋಟೋದಲ್ಲಿರೋ ಹಾಗೇ ಇದೆ."

ಅವರ ಮುಖ ಅರಳಿದ್ದು ಅವಳಿಗೆ ನೆನಪಿದೆ. ಆದರೂ, "ಅದು ಹಳೇದು, ಬರೀ ಷೋಕಿಗೆ. ನಾನು ಕ್ಯಾಟಲಾಗಿಂದೇ ಆರ್ಡರ್ ಮಾಡ್ತೀನಿ," ಎಂದಿದ್ದರು. ತಿಂಗಳೊಳಗೆ ಟೈರು ಬಂತು. ಇಷ್ಟು ಬೇಗನಾ ಎಂದು ಕೇಳಿದ್ದಕ್ಕೆ, "ಅದೃಷ್ಟ," ಎಂದು ನಕ್ಕರು. ಐವತ್ತು ವರ್ಷ ದಾಟಿದ ಗಾಡಿಗೆ ಈ ದೇಶದಲ್ಲಿ ಕಡ್ಡಾಯ ತಪಾಸಣೆಯಿಲ್ಲ. ಬೇರೆ ಯಾರೂ ಕೆಳಗೆ ಬಗ್ಗಿ ನೋಡಲಿಲ್ಲ.

*

"ಅಮ್ಮಾ! ಎರಡೂ ಟೈರ್ ಫ್ಲ್ಯಾಟ್!"

ಬೆಳಗಿನ ಒಂಬತ್ತೂಕಾಲು. ಸಾತ್ವಿಕ್ ಕಪ್ಪು ಕೋಟಿನ ತೋಳು ಮಡಚಿಕೊಂಡು ಗ್ಯಾರೇಜಿನಿಂದ ಕೂಗಿದ. ಕಾರು ಹಿಂಭಾಗ ಕುಸಿದು, ಮೂತಿ ಮೇಲೆತ್ತಿ ಕೂತಿತ್ತು. ಹೊರಗೆ ಮಳೆ.

"ಗಾಳಿ ಹಾಕಪ್ಪ," ಎಂದರು ಶೇಷಾದ್ರಿ. ರೈಸ್‌ವೈಕಿನಿಂದ ಹೆಂಡತಿ ಇಂದಿರಮ್ಮನ ಜೊತೆ ಬೆಳಿಗ್ಗೆಯೇ ಬಂದಿದ್ದರು. ಮಹಾಬಲೇಶ್ವರರಿಗೆ ಈ ದೇಶದಲ್ಲಿ ಮೊದಲ ಕೆಲಸ ಕೊಡಿಸಿದ ಹಿರಿಯರು.

"ಹಾಕ್ತಿದೀನಿ ಅಂಕಲ್, ನಿಲ್ತಾ ಇಲ್ಲ. ವಾಲ್ವ್ ಒಳಗಿನ ಪಿನ್ನೇ ಇಲ್ಲ. ಎರಡರಲ್ಲೂ ಇಲ್ಲ!"

"ಪಿನ್ ತಾನಾಗೇ ಎಲ್ಲೋಗತ್ತೋ?"

"ಅದೇ ಅಲ್ವಾ! ಅಮ್ಮಾ, ಅಪ್ಪನ ಸ್ಪೇರ್ ಪಿನ್ ಡಬ್ಬಿ ಎಲ್ಲಿ? ಹಳದಿ ಮುಚ್ಚಳ. ಲೇಬಲ್ ಎಲ್ಲ ಅಂಟಿಸಿದ್ರು."

ಪದ್ಮಿನಿ ಗಂಡನ ತಲೆಯ ಬಳಿ ಅಕ್ಕಿಯ ಬಟ್ಟಲು ಹಿಡಿದು ಕೂತಿದ್ದಳು. "ಅಲ್ಲೇ ಇರ್ಬೇಕು ನೋಡು," ಎಂದಳು.

ಡಬ್ಬಿ ಅಲ್ಲೇ ಇತ್ತು. ಅದರೊಳಗಿದ್ದ ಆರು ಪಿನ್ನುಗಳು ಇರಲಿಲ್ಲ. ಅವನ್ನು ಬಿಚ್ಚುವ ಬೆರಳುದ್ದದ ಸಾಧನವೂ ಇರಲಿಲ್ಲ. ರಾತ್ರಿ ಸದ್ದಾಗದಂತೆ ಟವೆಲ್ ಒತ್ತಿಹಿಡಿದು ಎರಡು ಟೈರುಗಳ ಪಿನ್ ಬಿಚ್ಚಿ ಗಾಳಿ ಬಿಟ್ಟವಳು ಪದ್ಮಿನಿಯೇ; ಆ ಎರಡು ಪಿನ್ನೂ ಸೇರಿ ಅವೆಲ್ಲ ಈಗ ಅವಳ ಸೆರಗಿನ ಗಂಟಿನಲ್ಲಿದ್ದವು.

ನಿಜ ಹೇಳಿಬಿಡಬಹುದಿತ್ತು. ಎರಡೇ ವಾಕ್ಯ. ಯಂತ್ರಗಳ ಕೈಪಿಡಿಗಳಿಗೆ ಎಚ್ಚರಿಕೆಯ ಸಾಲುಗಳನ್ನು ತಿದ್ದಿ ಕೊಡುವುದೇ ಅವಳ ಉದ್ಯೋಗ. ಎಂಥ ಅಪಾಯವನ್ನೂ ಎರಡು ವಾಕ್ಯದಲ್ಲಿ ಹೇಳಬಲ್ಲಳು. ಆದರೆ ಮೊದಲನೆಯ ವಾಕ್ಯ ಹೇಳಿದೊಡನೆ ಸಾತ್ವಿಕ್ ಎರಡನೆಯದನ್ನು ಕೇಳುತ್ತಾನೆ: ಅಪ್ಪನಿಗೆ ಗೊತ್ತಿತ್ತಾ?

"ನನ್ ಕಾರಿಂದ ಎರಡು ಪಿನ್ ಬಿಚ್ಚಿಕೊಳ್ಳೋ," ಎಂದರು ಶೇಷಾದ್ರಿ.

ಪದ್ಮಿನಿಯ ಕೈಯ ಬಟ್ಟಲು ಓರೆಯಾಗಿ ನಾಲ್ಕು ಕಾಳು ಚೆಲ್ಲಿತು.

"ನಿಮ್ಗೇನು ಬುದ್ಧಿ ಇದ್ಯಾ?" ಎಂದರು ಇಂದಿರಮ್ಮ. "ಆಮೇಲೆ ನಾವೇನು ಬಸ್ಸಲ್ಲಿ ಹೋಗೋದಾ? ಪದ್ಮಿನಿ, ನೀನೊಂದ್ ಲೋಟ ಹಾಲಾದ್ರೂ ಕುಡಿಯೇ. ಮುಖ ಹೆಂಗಾಗಿದೆ ನೋಡು."

"ಬಿಚ್ಚೋಕೆ ಟೂಲೇ ಇಲ್ಲ," ಎಂದು ಸಾತ್ವಿಕ್ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ. ಹಿತಾ ಬಾಗಿಲಲ್ಲಿ ನಿಂತು, "ಲಾಟ್ ಮಾರ್, ಅಣ್ಣ. ಬಿಡು," ಎಂದು ಡಚ್ಚು ಬೆರೆಸಿ ಹೇಳಿದಳು.

ವ್ಯಾನು ಬಂತು. ಹೇಳಿದ ನಿಮಿಷಕ್ಕೆ. ಅದರಿಂದಿಳಿದ ಬೂದು ಕೋಟಿನ ಹೆಂಗಸು ಚಿತಾಗಾರದ ಹನ್ನೊಂದೂವರೆಯ ಪಾಳಿ ತಪ್ಪಿದರೆ ಸೋಮವಾರವೇ ಎಂದು ವಿನಯದಿಂದ ನೆನಪಿಸಿದಳು.

"ಇಲ್ಲಿ ಸತ್ತೋನೂ ಲೇಟಾಗೋ ಹಾಗಿಲ್ಲ," ಎಂದು ಶೇಷಾದ್ರಿ ಗೊಣಗಿದರು. "ಬಾ ಮರಿ, ನಮ್ ಗಾಡೀಲೇ ಹೋಗೋಣ. ಅಪ್ಪನಿಗೂ ಟೈಮ್ ಅಂದ್ರೆ ಟೈಮು."

ಒಬ್ಬೊಬ್ಬರಾಗಿ ಬಾಯಿಗೆ ಅಕ್ಕಿ ಹಾಕಿದರು. ಕೊನೆಯ ಸರದಿ ಪದ್ಮಿನಿಯದು. ಅಕ್ಕಿ ಹಾಕಿ, ಅಂಗಿಯ ಜೇಬನ್ನು ಸರಿಪಡಿಸುವವಳಂತೆ ಬಗ್ಗಿದಳು. ಗಾಳಿಯ ಒತ್ತಡ ನೋಡುವ ಪೆನ್ನಿನಂಥ ಮಾಪಕವನ್ನು ಅವರು ಸದಾ ಆ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಅದರ ಉದ್ದದ ಗುರುತು ಬಿದ್ದಿತ್ತು. ಸೆರಗಿನ ಗಂಟು ಅಲ್ಲಿ ಖಾಲಿಯಾಯಿತು. ಮೇಲೆ ಒಂದು ಹಿಡಿ ತುಳಸಿ.

"ಲೋಹದ್ದು ಏನಾದರೂ ಇದೆಯೇ, ಮೇಡಂ? ಗಡಿಯಾರ, ಕನ್ನಡಕ?" ಬೂದು ಕೋಟಿನ ಹೆಂಗಸು ಡಚ್ಚಿನಲ್ಲಿ ಕೇಳಿದಳು.

"ಇಲ್ಲ," ಎಂದಳು ಪದ್ಮಿನಿ.

*

ಚಿತಾಗಾರದ ಸಭಾಂಗಣದಲ್ಲಿ ಅರವತ್ತು ಜನರಿದ್ದರು. ವಿಮಾನ ನಿಲ್ದಾಣದಲ್ಲಿ ಅವರ ಜೊತೆ ಕೆಲಸ ಮಾಡಿದವರು ಮೊದಲ ಸಾಲಿನಲ್ಲಿ. ಪೆಟ್ಟಿಗೆ ಸಾಗಿಸುವ ಬೆಲ್ಟುಗಳ ಸುರಕ್ಷತೆ ನೋಡಿಕೊಳ್ಳುವುದು ಮಹಾಬಲೇಶ್ವರರ ಕೆಲಸವಾಗಿತ್ತು. ಹತ್ತೊಂಬತ್ತು ವರ್ಷ ಯಾರ ಬೆರಳೂ ಅವರ ಬೆಲ್ಟಿಗೆ ಸಿಕ್ಕಿರಲಿಲ್ಲ. ಮಂಗಳವಾರ ಸೈಕಲ್ ನಿಲ್ದಾಣದಲ್ಲಿ ಅವರು ಕುಸಿದರು. ಸೈಕಲ್ಲಿಗೆ ಬೀಗ ಹಾಕಿಯೇ ಕುಸಿದಿದ್ದರು ಎಂದು ಹೇಳಿದ ಸಹೋದ್ಯೋಗಿ ಅತ್ತುಬಿಟ್ಟ.

ಶೇಷಾದ್ರಿ ಮಾತಾಡಲು ಎದ್ದರು. "ನಮ್ಮ ಮಹಾಬಲ ಹಾಲಿನ ಡಬ್ಬದ ಡೇಟ್ ನೋಡ್ದೆ ಕಾಫಿ ಕುಡಿದೋನಲ್ಲ. ನಮ್ಮನೇಗ್ ಬಂದ್ರೂ ಫ್ರಿಜ್ ತೆಗೆದು ನೋಡೋನು! ಇಂಥೋನ್ ಜೊತೆ ಕಣ್ಣು ಮುಚ್ಕೊಂಡು ಎಲ್ಲಿಗ್ ಬೇಕಾದ್ರೂ ಹೋಗ್ಬಹುದಿತ್ತು."

ಜನ ನಕ್ಕರು. ಸಾತ್ವಿಕನೂ ಕಣ್ಣೊರೆಸಿಕೊಳ್ಳುತ್ತಾ ನಕ್ಕ. ಪದ್ಮಿನಿ ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು.

*

ಹೋದ ವರ್ಷದ ಜುಲೈ. ನಾಲ್ವರೂ ಸಮುದ್ರಕ್ಕೆ ಹೊರಟಿದ್ದರು. ಕಾರಿನ ಬೆನ್ನಿಗೆ ಜೋಡಿಸಿದ ಹೆಚ್ಚುವರಿ ಆಸನದಲ್ಲಿ ಮಕ್ಕಳು ಗಾಳಿಗೆ ಕೂಗುತ್ತಿದ್ದರು. ರಸ್ತೆ ಕಾದಿತ್ತು. ವೇಗದ ಮುಳ್ಳು ನೂರು ದಾಟಿದಾಗ ಹಿಂದಿನಿಂದ ಒಂದು ಸಣ್ಣ ನಡುಕ ಬಂದು ಅವಳ ಹಲ್ಲಿಗೆ ತಗುಲಿತು.

"ಏನದು?"

"ಏನಿಲ್ವೇ. ಹೊಸಾ ಟೈರು. ಇನ್ನೂ ಜಾಸ್ತಿ ಓಡಿಲ್ಲ, ಸೆಟ್ ಆಗ್ಬೇಕು."

ಹಾಗೆಂದವರು ತಕ್ಷಣ ವೇಗ ಇಳಿಸಿದ್ದರು. ಮರಳಿ ಬರುವಾಗ ಹೆದ್ದಾರಿ ಬಿಟ್ಟು ಹಳ್ಳಿದಾರಿ ಹಿಡಿದಿದ್ದರು. ದಾರಿಯುದ್ದಕ್ಕೂ ಕನ್ನಡಿ ನೋಡುತ್ತಲೇ ಇದ್ದರು; ಹಿಂದಿನ ಚಕ್ರಗಳನ್ನಲ್ಲ, ಮಕ್ಕಳನ್ನು ನೋಡುತ್ತಿದ್ದಾರೆಂದು ಅವಳು ಆಗ ತಿಳಿದಿದ್ದಳು.

*

ಕಾಫಿ, ಕೇಕಿನ ಕೋಣೆಯಲ್ಲಿ ಹೆಂಕ್ ಎಲ್ಲರೂ ಸರಿಯುವವರೆಗೆ ಕಾದು ಅವಳ ಬಳಿ ಬಂದ. ಟೋಪಿ ಕೈಯಲ್ಲಿ ಹಿಂಡಿಕೊಂಡಿದ್ದ. ಡಚ್ಚಿನಲ್ಲಿ ಮೆಲ್ಲಗೆ ಕೇಳಿದ: "ಕಾರು ಯಾಕೆ ಬರಲಿಲ್ಲ?"

"ಟೈರಿನಲ್ಲಿ ಗಾಳಿ ಇರಲಿಲ್ಲ."

ಅವನು ನೆಲ ನೋಡಿದ. "ಆ ಜೋಡಿ ನನ್ನದು. ನೀವಿಬ್ಬರೂ ಬಂದು ಹೋದ ಒಂದು ವಾರಕ್ಕೆ ನಿಮ್ಮ ಗಂಡ ಒಬ್ಬನೇ ಬಂದು ಕೇಳಿದ. ನಾನು ಒಪ್ಪಲಿಲ್ಲ. ಹೆಂಡತಿಗೆ ಇದೇ ಇಷ್ಟವಾಗಿದೆ, ನಿಲ್ಲಿಸಿಡಲು ಮಾತ್ರ, ರಸ್ತೆಗೆ ಬೇರೆ ಹಾಕುತ್ತೇನೆ ಎಂದ." ಟೋಪಿಯ ಅಂಚು ತಿರುವುತ್ತಾ, "ಬೇರೆ ಹಾಕಿದ್ದ, ಅಲ್ಲವೇ?" ಎಂದ.

ಹೆಂಡತಿಗೆ ಇದೇ ಇಷ್ಟವಾಗಿದೆ. ಪದ್ಮಿನಿ ಕಪ್ಪನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟಳು.

"ಆ ಕ್ಯಾಟಲಾಗಿನ ಟೈರು," ಎಂದಳು, "ಈಗ ತರಿಸಲು ಎಷ್ಟು ದಿನ ಬೇಕು?"

ಹೆಂಕ್ ತಲೆಯೆತ್ತಿ ಅವಳನ್ನು ನೋಡಿದ. ಉತ್ತರ ಸಿಕ್ಕವನಂತೆ ಅವನ ಮುಖ ಬಿಳಿಚಿತು. "ಈಗ ಜರ್ಮನಿಯಲ್ಲೇ ಸಿಗುತ್ತದೆ. ಎರಡು ವಾರ."

"ನೋಡಲು ಒಂದೇ ಥರ ಇರುತ್ತದೆಯೇ?"

"ಪಕ್ಕಪಕ್ಕ ಇಟ್ಟರೆ ನನಗೆ ಗೊತ್ತಾಗುತ್ತದೆ. ಬೇರೆಯವರಿಗೆ ಇಲ್ಲ."

"ಸೋಮವಾರ ಮಗ ರಾಟರ್‌ಡ್ಯಾಮಿಗೆ ಹೋಗುತ್ತಾನೆ. ಕಾರು ಒಯ್ಯಲು ಟ್ರೇಲರ್ ತನ್ನಿ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಕೇಕಿನ ತಟ್ಟೆಯನ್ನು ಅವನ ಮುಂದೆ ಹಿಡಿದಳು.

*

ಸಂಜೆ ಶೇಷಾದ್ರಿ ದಂಪತಿ ಹೊರಟ ಮೇಲೆ ಮನೆ ಪೂರ್ತಿ ನಿಶ್ಶಬ್ದವಾಯಿತು. ತಂಪು ಹಲಗೆಯನ್ನು ಒಯ್ದಿದ್ದರು. ಗ್ಯಾರೇಜಿನಲ್ಲಿ ದೀಪ ಉರಿಯುತ್ತಿತ್ತು. ಸಾತ್ವಿಕ್ ಕುಸಿದ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಹಲ್ಲುಗಳ ಮೇಲೆ ಅಂಗೈ ಆಡಿಸುತ್ತಿದ್ದ. ಹೊರಮುಖದ ಮೇಲೆ.

"ಅಪ್ಪ ಒಂದು ನಟ್ ಕೂಡ ಮಿಸ್ ಮಾಡೋರಲ್ಲಮ್ಮ. ಯಾರೋ ಬೇಕಂತ್ಲೇ ತೆಗ್ದಿದಾರೆ."

"ಯಾರು ತೆಗೀತಾರೋ?"

"ಅದೇ ಗೊತ್ತಾಗ್ತಿಲ್ಲ. ಅವರ ಲಾಸ್ಟ್ ರೈಡ್ ಅಮ್ಮ." ಅವನು ತೋಳಿನಿಂದ ಮೂಗೊರೆಸಿಕೊಂಡ. "ಇರ್ಲಿ. ಮುಂದಿನ ತಿಂಗಳು ಹಿತಾನ ಎನ್ಸ್‌ಕೆಡೆ ಯೂನಿವರ್ಸಿಟಿ ತೋರಿಸೋಕೆ ಇದ್ರಲ್ಲೇ ಕರ್ಕೊಂಡು ಹೋಗ್ತೀನಿ. ಅಪ್ಪ ಪ್ರಾಮಿಸ್ ಮಾಡಿದ್ರು ಅವಳಿಗೆ."

ಎನ್ಸ್‌ಕೆಡೆಗೆ ಎರಡು ಗಂಟೆಯ ಹೆದ್ದಾರಿ. ಪದ್ಮಿನಿ ಬಾಗಿಲು ದಾಟಿ ಗ್ಯಾರೇಜಿಗಿಳಿದಳು.

"ಮುಂದಿನ ತಿಂಗಳು ಹೋಗಿ," ಎಂದಳು. "ಅಷ್ಟರಲ್ಲಿ ಹೆಂಕ್ ಹತ್ರ ಒಂದ್ಸಲ ಸರ್ವಿಸ್ ಮಾಡಿಸ್ತೀನಿ."

"ಸರ್ವಿಸ್ ಯಾಕೆ? ಟೈರ್ ಹೊಸದು ತಾನೇ?"

ಅವನು ತಲೆಯೆತ್ತಿ ನೋಡುತ್ತಿದ್ದ. ಅವರದೇ ಹುಬ್ಬು, ಅವರದೇ ನಂಬಿಕೆಯ ಕಣ್ಣು. ಇನ್ನು ಕೇಳಬಹುದಾದವರು ಹಿತಾ, ಶೇಷಾದ್ರಿ, ಇಂದಿರಮ್ಮ, ಮುಂದೆಂದೋ ಬರಲಿರುವ ಸೊಸೆ. ಅವರಲ್ಲಿ ಯಾರಿಗೂ, ಯಾವತ್ತೂ ಹೇಳುವುದಿಲ್ಲ ಎಂದು ಅವಳು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟಳು.

"ಹೌದು," ಎಂದಳು. "ಹೊಸದು. ಅಪ್ಪ ಹೇಳಿದ್ರಲ್ಲ."

ಅವನು ಎದ್ದು ಒಳಗೆ ಹೋದ. ಅವಳು ದೀಪ ಆರಿಸಲು ಕೈ ಚಾಚಿದಾಗ ತನ್ನ ಹೆಬ್ಬೆರಳು ಕಣ್ಣಿಗೆ ಬಿತ್ತು. ಬೆಳಿಗ್ಗೆ ತಲೆಸ್ನಾನ ಮಾಡಿದ್ದಳು, ಸಾಬೂನು ಹಚ್ಚಿ ಉಜ್ಜಿದ್ದಳು, ಅದೇ ಕೈಯಿಂದ ಅಕ್ಕಿ ಹಾಕಿದ್ದಳು. ಉಗುರಿನಡಿಯಲ್ಲಿ ರಬ್ಬರಿನ ಕಪ್ಪು ಗೆರೆ ಹಾಗೆಯೇ ಕೂತಿತ್ತು.