ತಲೆಗೋ ಒಗ್ಗರಣೆಗೋ

ಹೇಮಲತಾ ಅಡುಗೆಮನೆಯ ಹೊಸ್ತಿಲ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದಳು. ಅತ್ತೆ ಗುರುಸಿದ್ದಮ್ಮ ಒಲೆಯ ಕಡೆಯಿಂದಲೇ, "ಸಾರಿಗೆ ಏನು ಹಾಕ್ಲೇ?" ಅಂತ ಕೇಳಿದರು.

"ಆತ್ಮೀಯರೇ, ನಿಮ್ಮ ಆರೋಗ್ಯವೇ ನಮ್ಮ ಕಾಳಜಿ," ಅಂದುಬಿಟ್ಟಳು ಹೇಮಲತಾ.

ಸೌಟು ಹಿಡಿದ ಕೈ ಹಾಗೇ ನಿಂತಿತು. "ಏನಾಯ್ತೇ ನಿಂಗೆ? ಬೇಳೆ ಹಾಕ್ಲಾ ಕಾಳು ಹಾಕ್ಲಾ ಅಂದ್ರೆ ಓಟು ಕೇಳೋರ ಥರ ಮಾತಾಡ್ತೀಯಲ್ಲ!"

ಹೇಮಲತಾ ನಾಲಿಗೆ ಕಚ್ಚಿಕೊಂಡಳು. ಕೆಲವು ದಿನದಿಂದ ಅವಳ ತಲೆಯೊಳಗೆ ಇಂಥ ಮಾತುಗಳೇ ಸುತ್ತುತ್ತಿದ್ದವು. ಎಲ್ಲಾ ಆ ಎಣ್ಣೆ ಬಾಟಲಿಗೆ ಅಂಟಿಸುವ ಚೀಟಿಯಿಂದ.

ಅರಸೀಕೆರೆಯಲ್ಲಿ ಅವರದು ಕೊಬ್ಬರಿ ವ್ಯಾಪಾರದ ಮನೆ. ಮಾವ ಗಂಗಾಧರಯ್ಯ, ಗಂಡ ಇಂದ್ರೇಶ್ ಇಬ್ಬರೂ ಬೆಳಗಾದರೆ ಮಾರ್ಕೆಟ್ ಯಾರ್ಡಿನಲ್ಲಿ. ಉಂಡೆ ಕೊಬ್ಬರಿ ಮೂಟೆ ಕಟ್ಟಿಸಿಕೊಂಡು ಲಾರಿ ಹತ್ತಿ ದೂರದೂರಿಗೆ ಹೋಗುತ್ತಿತ್ತು. ಒಡೆದದ್ದು, ಚೂರಾದದ್ದು ಮನೆಗೆ ಬರುತ್ತಿತ್ತು. ಆ ಚೂರಿಗೊಂದು ದಾರಿ ಮಾಡಬೇಕು ಅಂತ ಹೇಮಲತಾ ಹಿತ್ತಲಿನ ಶೆಡ್ಡಿನಲ್ಲಿ ಮರದ ಗಾಣ ಹಾಕಿಸಿಕೊಂಡಿದ್ದಳು. ಎತ್ತಿನದಲ್ಲ, ಕರೆಂಟಿನದು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳ ಸೆರಗಿನ ತುದಿಗೆ ಬಂದ ಬೀಗದ ಕೈ ಅಂದರೆ ಆ ಶೆಡ್ಡಿನದೊಂದೇ.

ಎಣ್ಣೆಯೇನೋ ಚೆನ್ನಾಗಿಯೇ ಬಂತು. ಮುಚ್ಚಳ ತೆಗೆದರೆ ಪಡಸಾಲೆಯವರೆಗೂ ಘಮ. ಆದರೆ ಕೊಳ್ಳುವವರು ಬೇಕಲ್ಲ? ಅರಸೀಕೆರೆಯಲ್ಲಿ ಕೊಬ್ಬರಿ ಎಣ್ಣೆ ಮಾರುವುದೂ ಒಂದೇ, ಕೆರೆ ದಂಡೆಯ ಮೇಲೆ ಕೂತು ನೀರು ಮಾರುವುದೂ ಒಂದೇ. ಅಟ್ಟದಲ್ಲಿ ಕೊಬ್ಬರಿ ಇರುವ ಜನ ತಮ್ಮದನ್ನೇ ತಂದು ಗಾಣಕ್ಕೆ ಹಾಕಿಸಿಕೊಂಡು ಹೋಗುತ್ತಾರೆ.

ಗಂಗಾಧರಯ್ಯ ಮೃದು ಮನುಷ್ಯ, ಆದರೆ ವ್ಯಾಪಾರಿ. ಒಂದು ದಿನ ಊಟಕ್ಕೆ ಕೂತವರು ಸೊಸೆಯನ್ನು ಕರೆದು ಹೇಳಿದರು. "ನೋಡಮ್ಮ ಹೇಮಾ, ಶಿವರಾತ್ರಿ ಕಳೀತಿದ್ದಂಗೆ ಮಾಲು ಇಡಕ್ಕೆ ಶೆಡ್ಡು ಬೇಕು. ಅಷ್ಟರೊಳಗೆ ಯಾವುದಾದ್ರೂ ಒಂದು ಅಂಗಡಿಯೋರು ಅವರಾಗೇ ಫೋನ್ ಮಾಡಿ ಎಣ್ಣೆ ಕಳ್ಸಿ ಅಂದ್ರೆ ಶೆಡ್ಡು ನಿಂದೇ, ನಾನು ಬೇರೆ ಕಡೆ ನೋಡ್ಕೊತೀನಿ. ಇಲ್ದಿದ್ರೆ ಹಾರನಹಳ್ಳಿ ಜಯದೇವಪ್ಪ ಗಾಣ ಕೇಳ್ತಾನೇ ಅವ್ನೆ. ಕೊಟ್ಬಿಡಾಣ."

ಅವರಾಗೇ ಫೋನ್ ಮಾಡಬೇಕು. ನಾವು ಗೋಗರೆದದ್ದು ಲೆಕ್ಕಕ್ಕಿಲ್ಲ. ನ್ಯಾಯದ ಮಾತೇ. ಹೇಮಲತಾ ತಲೆಯಾಡಿಸಿ ಮಾವನ ತಟ್ಟೆಗೆ ಇನ್ನೊಂದು ಸೌಟು ಮಜ್ಜಿಗೆ ಹಾಕಿದಳು.

ಹಳೇಬೀಡಿನಲ್ಲಿ ದೇವಸ್ಥಾನದ ಎದುರು ಶರ್ಮಿಳಾ ಎಂಬವಳು ಅಂಗಡಿ ಇಟ್ಟಿದ್ದಳು. ತವರಿನ ಕಡೆಯಿಂದ ಪರಿಚಯ. ಪುಟಾಣಿ ಕಲ್ಲಿನ ಆನೆ, ಟೋಪಿ, ಚಕ್ಕುಲಿ, ನೀರಿನ ಬಾಟಲಿಗಳ ಜೊತೆ ಎಣ್ಣೆಯನ್ನೂ ಒಂದು ಸಾಲು ಇಡಲು ಅವಳು ಒಪ್ಪಿದಳು. "ಆದ್ರೆ ಚೀಟಿ ಮೇಲೆ ಏನಾದ್ರೂ ಬರೀರಿ ಅಕ್ಕ. ಬರೀ 'ಕೊಬ್ಬರಿ ಎಣ್ಣೆ' ಅಂತಿದ್ರೆ ಯಾರು ತಿರುಗಿ ನೋಡ್ತಾರೆ?"

ಏನು ಬರೆಯುವುದು? ಹೇಮಲತಾಗೆ ಮಗಳ ರಜಾ ಚೀಟಿ ಬರೆದು ಗೊತ್ತಿತ್ತೇ ಹೊರತು ಮಾರುವ ಮಾತು ಬರೆದು ಗೊತ್ತಿರಲಿಲ್ಲ. ಅದೂ ಅಲ್ಲದೆ ಆ ಮನೆಯ ವ್ಯಾಪಾರದಲ್ಲಿ ಒಂದು ಪದ್ಧತಿ: ತಮ್ಮ ಮಾಲನ್ನು ತಾವೇ ಹೊಗಳಿಕೊಳ್ಳಬಾರದು. ಎಂಥ ಒಳ್ಳೆ ಕೊಬ್ಬರಿ ಎದುರಿಗಿದ್ದರೂ ಗಂಗಾಧರಯ್ಯ "ಪರವಾಗಿಲ್ಲ" ಅನ್ನುವರು, ಅದಕ್ಕಿಂತ ಮೇಲೆ ಹೋಗರು. ಹೊಗಳಿದರೆ ದೃಷ್ಟಿಯಾಗುತ್ತದೆ, ಇಲ್ಲವೇ ಗಿರಾಕಿಗೆ ಅನುಮಾನ ಬರುತ್ತದೆ.

ಇಂದ್ರೇಶನ ಚಿಕ್ಕಪ್ಪನ ಮಗ ಶಶಿಕಿರಣ್ ಹಾಸನದಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹುಟ್ಟುಹಬ್ಬಕ್ಕೂ ತಿಥಿಗೂ ಫ್ಲೆಕ್ಸ್ ಬರೆದು ಪಳಗಿದ ಕೈ.

"ಸಿಂಪಲ್ ಅತ್ತಿಗೆ," ಅಂದ ಫೋನಿನಲ್ಲಿ. "ಗಿರಾಕಿ ನೋಡ್ಕೊಂಡು ದನಿ ಬದಲಾಯಿಸ್ಬೇಕು. ಟೂರಿಸ್ಟಿಗೆ ಒಂಥರ, ಕಾಲೇಜ್ ಹುಡುಗ್ರಿಗೆ ಒಂಥರ, ವಯಸ್ಸಾದೋರಿಗೆ ಒಂಥರ. ನಾನು ಬರೆದು ಕಳಿಸ್ತೀನಿ, ನೀವು ಅಂಟಿಸಿ ಅಷ್ಟೆ."

"ಎಣ್ಣೆ ಮೂರು ಥರ ಇಲ್ವಲ್ಲೋ ಶಶಿ?"

"ಎಣ್ಣೆ ಬಿಡಿ ಅತ್ತಿಗೆ, ಮಾತು ಮುಖ್ಯ."

ಮೊದಲನೆಯ ಚೀಟಿ ಬಂತು: 'ಹೊಯ್ಸಳ ಶಿಲಾಬಾಲಿಕೆಯರ ಕೇಶರಾಶಿಯ ರಹಸ್ಯ!' ಹೇಮಲತಾಗೆ ಓದಲು ಚೆನ್ನಾಗಿಯೇ ಅನ್ನಿಸಿತು. ಅಂಟಿಸಿ ಕಳಿಸಿದಳು. ಎರಡೇ ದಿನಕ್ಕೆ ಶರ್ಮಿಳಾ ಫೋನ್ ಮಾಡಿದಳು. "ಅಕ್ಕಾ, ಗೈಡು ಒಬ್ಬ ಇದನ್ನ ಗಟ್ಟಿಯಾಗಿ ಓದಿ, ಕಲ್ಲಿನ ಕೂದಲಿಗೆ ಎಣ್ಣೆ ಹಚ್ಚಿದೋರು ಯಾರ್ರೀ ಅಂತ ಬಸ್ಸಿನ ಜನಾನೆಲ್ಲ ನಗ್ಸಿದ. ನಕ್ಕು ನೀರಿನ ಬಾಟ್ಲಿ ತಗೊಂಡು ಹೋದ್ರು."

ಎರಡನೆಯದು ಹುಡುಗರಿಗೆ: 'ಹಾಯ್ ಫ್ರೆಂಡ್ಸ್! ಹೇರ್ ಟೆನ್ಶನ್ನಾ? ಚಿಲ್ ಮಾಡಿ!' ಒಂಬತ್ತನೇ ಕ್ಲಾಸಿನ ಮಗಳು ಅಕ್ಷತಾ ಅದನ್ನು ಕಂಡು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಅಮ್ಮಾ, ಪ್ಲೀಸ್. ಅಲ್ಲಿಗೆ ನಮ್ಮ ಸ್ಕೂಲಿಂದ ಟ್ರಿಪ್ ಹೋಗ್ತಾರೆ. ಅದು ನಮ್ಮಮ್ಮ ಬರೆದಿದ್ದು ಅಂತ ಗೊತ್ತಾದ್ರೆ ನಾನು ಸತ್ತೆ!"

"ಹಂಗೆಲ್ಲ ಅನ್ಬಾರದು ಪುಟ್ಟಿ," ಅಂದಳು ಹೇಮಲತಾ, ಮಗಳ ಜಡೆ ಬಿಚ್ಚಿ ಅದೇ ಎಣ್ಣೆ ಹಚ್ಚುತ್ತ. ಆದರೂ ಆ ಚೀಟಿ ಅಂಟಿಸಿದಳು. ಅದೂ ಓಡಲಿಲ್ಲ. ಮೂರನೆಯದು, 'ಆತ್ಮೀಯರೇ' ಅಂತ ಶುರುವಾಗುವುದು, ಹಿರಿಯರಿಗೆ. ಅದನ್ನು ಓದಿದ ಮುದುಕರೊಬ್ಬರು ಮಂಡಿನೋವಿಗೆ ದಿನಕ್ಕೆ ಎಷ್ಟು ಸಲ ಹಚ್ಚಬೇಕು ಅಂತ ಕೇಳಿ ಹೋದರಂತೆ.

ಬಾಟಲಿಗಳು ಇದ್ದಲ್ಲೇ ಇದ್ದವು. ಚೀಟಿ ಬದಲಾದದ್ದೇ ಬಂತು. ಹೇಮಲತಾಗೆ ತನ್ನ ದನಿ ಯಾವುದು ಅನ್ನುವುದೇ ಮರೆತುಹೋದ ಹಾಗಾಗಿ, ಹಾಲಿನವನಿಗೆ "ಹಾಯ್" ಅನ್ನಲು ಹೋಗಿ ತಡೆದುಕೊಂಡಳು.

ಶಿವರಾತ್ರಿಗೆ ಹತ್ತಿರದ ಒಂದು ಭಾನುವಾರ, ಕಣ್ಣಾರೆ ನೋಡಿಯೇ ಬಿಡೋಣ ಅಂತ ಅವಳು ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದಳು. ಬೆಳಗ್ಗೆಯ ರೊಟ್ಟಿ ಕೆಲಸ ಮುಗಿಸಿ, ಮಧ್ಯಾಹ್ನಕ್ಕೆ ಚಿತ್ರಾನ್ನ ಮುಚ್ಚಿಟ್ಟು, ಅತ್ತೆಯ ಮಾತ್ರೆ ಲೋಟದ ಪಕ್ಕ ಇಟ್ಟು ಹೊರಟದ್ದು.

ಶರ್ಮಿಳಾಳ ಅಂಗಡಿಯಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತಳು. ಜನ ದೇವಸ್ಥಾನ ನೋಡಿ ಬರುವರು, ಕೆಲವರು ಬಸ್ತಿಹಳ್ಳಿಯ ಬಸದಿಗೆ ದಾರಿ ಕೇಳುವರು, ಕೆಲವರು ಬೇಲೂರಿಗೆ ಬಸ್ಸು ಎಷ್ಟು ಹೊತ್ತಿಗೆ ಅನ್ನುವರು. ಎಣ್ಣೆಯ ಕಡೆ ಯಾರೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪುತ್ತೂರಿನ ಕಡೆಯ ಒಂದು ಬಸ್ಸು ಬಂತು. ಹತ್ತಿಸೀರೆ ಉಟ್ಟ ಹೆಂಗಸೊಬ್ಬರು ತಾವಾಗಿ ಬಾಟಲಿ ಎತ್ತಿ, ಚೀಟಿಯನ್ನು ಓದದೆ ಮುಚ್ಚಳ ತೆಗೆದು ಮೂಸಿದರು. ಮುಖ ಅರಳಿತು.

"ಒಳ್ಳೆ ಪರಿಮಳ ಉಂಟು. ಇದು ಅಡಿಗೆಗೆ ಆಗ್ತದಾ?"

ಎಲ್ಲಾದರೂ ಪಾಪದ ಹೆಂಗಸು ತಿಳಿಯದೆ ತಿಂದುಬಿಟ್ಟರೆ? ಹೇಮಲತಾ ಸ್ಟೂಲಿನಿಂದ ಎದ್ದೇ ನಿಂತಳು. "ಅಯ್ಯೋ ಇಲ್ಲ ಕಣ್ರೀ! ಇದು ತಲೆಗೆ ಹಚ್ಚೋದು. ತಿನ್ನೋದಲ್ಲ!"

"ಓ, ಹೌದಾ ಮಾರಾಯ್ತಿ," ಅಂದು ಅವರು ಬಾಟಲಿಯನ್ನು ಮೆತ್ತಗೆ ಅದರ ಜಾಗಕ್ಕೆ ಇಟ್ಟರು. ಅವರ ಹಿಂದೆ ಚೀಲ ಹಿಡಿದು ನಿಂತಿದ್ದ ನಾಲ್ಕೈದು ಹೆಂಗಸರೂ ಮುಂದಕ್ಕೆ ನಡೆದರು.

ಶರ್ಮಿಳಾ ಹಣೆ ಹಣೆ ಚಚ್ಚಿಕೊಂಡಳು. "ಅಕ್ಕಾ! ಏನ್ ಮಾಡಿದ್ರಿ? ಅವರ ಕಡೆ ಅಡುಗೆಗೆ ಹಾಕೋದೇ ಇದನ್ನ! ಮೀನಿಗೆ, ಪಲ್ಯಕ್ಕೆ, ದೋಸೆಗೆ, ಎಲ್ಲಾದಕ್ಕೂ!"

"ಕೊಬ್ಬರಿ ಎಣ್ಣೇನಾ? ಒಗ್ಗರಣೆಗಾ?"

"ಮತ್ತೆ?"

ಹೇಮಲತಾ ಕೂತುಬಿಟ್ಟಳು. ಅಂಥದೊಂದನ್ನು ಎಲ್ಲೋ ಕೇಳಿದ ನೆನಪಿತ್ತು, ಆದರೆ ಅದು ತನ್ನ ಎಣ್ಣೆಗೂ ಸಲ್ಲುವ ಮಾತು ಅಂತ ಹೊಳೆದಿರಲಿಲ್ಲ. ಅವರ ಮನೆಯಲ್ಲಿ ಕೊಬ್ಬರಿ ಇಲ್ಲದೆ ಸಾರಿಲ್ಲ, ಪಲ್ಯವಿಲ್ಲ, ಚಟ್ನಿಪುಡಿಯಿಲ್ಲ. ಆದರೆ ಅದರ ಎಣ್ಣೆ ಅಂದರೆ ನೆತ್ತಿಗೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಅಷ್ಟು ದೊಡ್ಡ ಕೊಬ್ಬರಿ ಊರಿನಲ್ಲಿ ಇಷ್ಟು ವರ್ಷ ಬಾಳಿದವಳಿಗೆ ಎರಡನ್ನೂ ಬೆರೆಸಬಹುದು ಅನ್ನುವುದೇ ತಲೆಗೆ ಬಂದಿರಲಿಲ್ಲ.

"ಹಂಗಾದ್ರೆ ಅಡುಗೆಗೆ ಅಂತ ಬರೆದ್ಬಿಡಿ," ಅಂದಳು ಶರ್ಮಿಳಾ.

"ನಾನೇ ತಿಂದು ನೋಡದ್ದನ್ನ ಬೇರೆಯೋರಿಗೆ ತಿನ್ನಿ ಅಂತ ಹೆಂಗೆ ಬರೀಲಿ?"

ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ತೆಂಗಿನ ತೋಟಗಳು ಹಿಂದೆ ಹಿಂದೆ ಓಡುತ್ತಿದ್ದವು. ಇಷ್ಟು ದಿನ ದನಿ ಬದಲಾಯಿಸಿ ಬದಲಾಯಿಸಿ ಸೋತದ್ದು ಮಾತಿನ ತಪ್ಪಿಗೋ, ಇಲ್ಲ ಎಣ್ಣೆ ಯಾರ ಮನೆಯಲ್ಲಿ ಯಾವ ಗೂಡಿನಲ್ಲಿ ಇರುತ್ತದೆ ಅನ್ನುವುದೇ ಗೊತ್ತಿಲ್ಲದ್ದಕ್ಕೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಮಾರನೆಯ ದಿನ ಯಾರಿಗೂ ಹೇಳದೆ ಹುರುಳಿಕಾಯಿ ಪಲ್ಯಕ್ಕೆ ಅದೇ ಎಣ್ಣೆಯಲ್ಲಿ ಸಾಸಿವೆ ಸಿಡಿಸಿದಳು.

ಗುರುಸಿದ್ದಮ್ಮ ಮೊದಲ ತುತ್ತಿಗೇ ಮುಖ ಹಿಂಡಿದರು. "ಏನೇ ಇದು, ಪಲ್ಯ ತಿಂತಿದ್ರೆ ಅಕ್ಷತಾ ಜಡೆ ಪಕ್ಕದಲ್ಲಿ ಕೂತಂಗೈತೆ!"

ಅಕ್ಷತಾ ನಕ್ಕು ನಕ್ಕು ಬಿಕ್ಕಳಿಸಿದಳು. "ಅಜ್ಜಿ, ನಾಳೆ ಹುಳಿಗೆ ಶಾಂಪೂ!" ಆದರೆ ತಟ್ಟೆ ಖಾಲಿ ಮಾಡಿದ್ದಳು. ಇನ್ನೂ ಸ್ವಲ್ಪ ಬೇಕು ಅಂತ ತಟ್ಟೆ ಮುಂದೆ ಚಾಚಿದ್ದು ಕಂಡು ಹೇಮಲತಾ ಪಲ್ಯ ಬಡಿಸಿದಳು.

ಗಂಗಾಧರಯ್ಯ ತಿಂದು ಮುಗಿಸಿ, ಕೈ ತೊಳೆದು, ಟವೆಲ್ಲಿಗೆ ಒರೆಸಿಕೊಳ್ಳುತ್ತ, "ಪರವಾಗಿಲ್ಲ," ಅಂದರು.

ಹೇಮಲತಾ ಅವರ ಮುಖ ನೋಡಿದಳು. ಯಾರ್ಡಿನಲ್ಲಿ ಮೊದಲ ದರ್ಜೆ ಮಾಲಿಗೆ ಅನ್ನುವ ಪರವಾಗಿಲ್ಲವೋ, ಸೊಸೆಗೆ ಬೇಜಾರಾಗದಿರಲಿ ಅಂತ ಅಂದದ್ದೋ? ಕೇಳಲು ನಾಚಿಕೆಯಾಯಿತು. ತಾನೂ ತಿಂದು ನೋಡಿದಳು. ಮೊದಲ ತುತ್ತಿಗೆ ವಿಚಿತ್ರ ಅನ್ನಿಸಿತು. ಮೂರನೆಯದಕ್ಕೆ ಅಷ್ಟಿಲ್ಲ. ಚೆನ್ನಾಗಿದೆಯೋ, ಅಭ್ಯಾಸವಾಯಿತೋ, ಅದೂ ತಿಳಿಯಲಿಲ್ಲ.

ಸಂಜೆ ಪಾತ್ರೆ ತೊಳೆದು, ಅಕ್ಷತಾಳ ಯೂನಿಫಾರಂ ಇಸ್ತ್ರಿ ಮಾಡುವ ಮುಂಚೆ, ಶಶಿಕಿರಣನನ್ನು ಕೇಳದೆ ತಾನೇ ಚೀಟಿ ಬರೆದಳು. ಗೊತ್ತಿದ್ದದ್ದನ್ನಷ್ಟೇ ಬರೆದಳು.

'ಇದು ನಮ್ಮ ಮನೆಯ ಗಾಣದ ಕೊಬ್ಬರಿ ಎಣ್ಣೆ. ಅರಸೀಕೆರೆಯಲ್ಲಿ ನಾವು ತಲೆಗೆ ಹಚ್ಚುತ್ತೇವೆ. ಕೆಲವು ಕಡೆ ಇದರಲ್ಲೇ ಒಗ್ಗರಣೆ ಮಾಡುತ್ತಾರಂತೆ. ನಾನೂ ಪಲ್ಯ ಮಾಡಿದೆ. ಮಗಳು ಎರಡನೇ ಸಲ ಹಾಕಿಸಿಕೊಂಡಳು, ಅತ್ತೆಗೆ ಹಿಡಿಸಲಿಲ್ಲ, ಮಾವ ಪರವಾಗಿಲ್ಲ ಅಂದರು.'

ಅಚ್ಚು ಹಾಕಲು ಕಳಿಸಿದಾಗ ಶಶಿಕಿರಣ್ ತಡೆಯಲಾರದೆ ಫೋನ್ ಮಾಡಿದ. "ಅತ್ತಿಗೆ, ಇದು ಯಾರಿಗೆ ಬರೆದಿದ್ದು? ಇದ್ಯಾವ ಟೋನು? 'ಅತ್ತೆಗೆ ಹಿಡಿಸಲಿಲ್ಲ' ಅಂತ ಯಾರಾದ್ರೂ ಮಾಲಿನ ಮೇಲೆ ಬರೀತಾರಾ?"

"ಹಿಡಿಸ್ಲಿಲ್ಲವಲ್ಲೋ."

"ಮಾರ್ಕೆಟಿಂಗ್ ಅಂದ್ರೆ ಹಂಗಲ್ಲ ಅತ್ತಿಗೆ..."

"ನಂಗೆ ಗೊತ್ತಾಗಲ್ಲಪ್ಪ. ಹಾಕಿ ಕಳ್ಸು. ಊಟ ಮಾಡ್ದೇನೋ?"

ಶಿವರಾತ್ರಿ ಬಂತು. ಉಪವಾಸ, ಪೂಜೆ, ಜಾಗರಣೆ ಎಲ್ಲಾ ಆಯಿತು. ಹಳೇಬೀಡಿನಿಂದ ಫೋನ್ ಬರಲಿಲ್ಲ. ಹೇಮಲತಾ ಮೊಬೈಲನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದಳು, ಎರಡು ಸಲ ಎತ್ತಿಕೊಂಡು ಶರ್ಮಿಳಾಳ ಹೆಸರು ಹುಡುಕಿ ಮತ್ತೆ ಇಟ್ಟಳು. ನಾವಾಗಿ ಮಾಡಿದ್ದು ಲೆಕ್ಕಕ್ಕಿಲ್ಲ. ಮರುದಿನ ಬೆಳಗ್ಗೆ ಎಲ್ಲರೂ ಸ್ನಾನ ಮಾಡಿ ಉಪ್ಪಿಟ್ಟಿಗೆ ಕೂತಿರುವಾಗ ಗಂಗಾಧರಯ್ಯ, "ಜಯದೇವಪ್ಪ ಮಧ್ಯಾಹ್ನ ಟೆಂಪೋ ತಗೊಂಡು ಬತ್ತೀನಿ ಅಂದವ್ನೆ," ಅಂತ ತಗ್ಗಿದ ದನಿಯಲ್ಲಿ ಹೇಳಿದರು. ಸೊಸೆಯ ಮುಖ ನೋಡಲಿಲ್ಲ.

ಹೇಮಲತಾ ಶೆಡ್ಡಿಗೆ ಹೋಗಿ ಗಾಣದ ಒರಳನ್ನು ಒಣಬಟ್ಟೆಯಿಂದ ಒರೆಸಿದಳು. ಮಗುವನ್ನು ನೆಂಟರ ಮನೆಗೆ ಕಳಿಸುವ ಮುಂಚೆ ಮುಖ ಒರೆಸುವ ಹಾಗೆ, ಮೂಲೆ ಮೂಲೆ ಬಿಡದೆ. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಾ! ಫೋನು! ಹಳೇಬೀಡು!" ಅಂತ ಅಕ್ಷತಾ ಹಿತ್ತಲಿಗೆ ಓಡಿಬಂದಳು. ಅವಳ ಹಿಂದೆ, ಅವಸರವಿಲ್ಲದವರ ಹಾಗೆ ನಟಿಸುತ್ತ, ಗಂಗಾಧರಯ್ಯನೂ ಬಂದು ಬಾಗಿಲಲ್ಲಿ ನಿಂತರು. ಅಕ್ಷತಾ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಒಂದು ಬಾಟ್ಲೀನೂ ಇಲ್ಲ. ಹಬ್ಬದ ಜನ. ಇನ್ನೆರಡು ಸಾಲು ಕಳ್ಸಿ, ಬೇಗ."

ಹೇಮಲತಾ ಫೋನಿನ ಹತ್ತಿರ ಬಾಗಿದಳು. "ಯಾರು ತಗೊಂಡ್ರು? ಪುತ್ತೂರಿನ ಕಡೆಯೋರು ಅಡುಗೆಗೆ ತಗೊಂಡ್ರಾ?"

"ಅದೇ ತಮಾಷೆ ಅಕ್ಕ. ಅವರ ಕಡೆ ಬಸ್ಸು ಬಂದಿತ್ತು. ಅವರು ಚೀಟಿ ಓದಿ, ಅರಸೀಕೆರೆಯೋರು ತಲೆಗೆ ಹಚ್ತಾರಂತೆ, ಅವರಿಗೇ ಗೊತ್ತಿರ್ತದೆ ಅಂತ ಹೆಣ್ಣುಮಕ್ಕಳ ಕೂದಲಿಗೆ ತಗೊಂಡ್ರು. ಗೆಂಡೆಹಳ್ಳಿ ಕಡೆ ಹೆಂಗಸ್ರೂ ಬಂದಿದ್ರು, ನಮ್ಮೋರೇ, ಅವರು ಪಲ್ಯ ಮಾಡಿ ನೋಡಾಣ ಅಂತ ತಗೊಂಡ್ರು. ಅವರ ಅತ್ತೇರಿಗೂ ಹಿಡಿಸುತ್ತೋ ಇಲ್ವೋ ನೋಡ್ಬೇಕಂತೆ."

"ಹಂಗಾದ್ರೆ ಈಗ ಚೀಟಿ ಮೇಲೆ ಏನು ಬರೀಲಿ? ತಲೆಗಾ, ಒಗ್ಗರಣೆಗಾ?"

"ನಂಗೇನು ಗೊತ್ತು? ಎಣ್ಣೆ ಕಳ್ಸಿ ಅಕ್ಕ!" ಫೋನ್ ಇಟ್ಟಳು.

ಗಂಗಾಧರಯ್ಯ ಜೇಬಿನಿಂದ ತಮ್ಮ ಮೊಬೈಲ್ ತೆಗೆದು, ದೂರ ಹಿಡಿದು ಹೆಸರು ಹುಡುಕಿ, ಕಿವಿಗೆ ಇಟ್ಟುಕೊಂಡರು. "ಏನ್ಲಾ ಜಯದೇವಪ್ಪ, ಟೆಂಪೋ ಬ್ಯಾಡ ಕಣಪ್ಪ... ಇಲ್ಲ, ಕೊಡಲ್ಲ... ನಮ್ಮ ಹೇಮನ ಎಣ್ಣೆಗೆ ಬೇಕಾಗೈತೆ... ಎಣ್ಣೆ ಹೆಂಗೈತೆ ಅಂದ್ರೆ..." ಅಷ್ಟಕ್ಕೆ ಸೊಸೆಯ ಕಡೆ ತಿರುಗಿ, "ಪರವಾಗಿಲ್ಲ," ಅಂದರು.

ಈ ಪರವಾಗಿಲ್ಲ ಯಾವುದೋ ಅಂತ ಹೇಮಲತಾಗೆ ಈಗಲೂ ಗೊತ್ತಾಗಲಿಲ್ಲ. ಬೀಗದ ಕೈಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ಕೊಬ್ಬರಿ ಚೂರಿನ ಚೀಲದ ಬಾಯಿ ಬಿಚ್ಚಿ, ಸ್ವಿಚ್ಚು ಒತ್ತಿದಳು.