ಚೆನ್ನರಾಯಪ್ಪನ ಪುಸ್ತಕದಲ್ಲಿ ಬಿಟ್ಟುಹೋದ ಪದಕ

ಹುಣಸೆಕುಂಟೆಯ ಸರ್ಕಾರಿ ಶಾಲೆಯ ಗೋಡೆಗೆ ಒಂದು ದೊಡ್ಡ ಬೋರ್ಡು ಹಾಕಿಸಬೇಕೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಊರಿನಿಂದ ಸೈನ್ಯಕ್ಕೆ ಹೋಗಿ ಬಂದವರ ಹೆಸರು, ಅವರು ಎಷ್ಟು ವರ್ಷ ದುಡಿದರು, ಯಾವ ಯಾವ ಪದಕ ಪಡೆದರು ಎಂಬುದೆಲ್ಲ ಅದರಲ್ಲಿ ಬರಬೇಕು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿರುವ ಈ ಸಣ್ಣ ಊರಿನಲ್ಲಿ ಅಂಥವರು ನಾಲ್ಕೇ ಜನ. ಆದರೆ ನಾಲ್ಕು ಜನರ ಬಗ್ಗೆ ನಾನೂರು ಮಾತು ಆಡದಿದ್ದರೆ ಅದು ಹುಣಸೆಕುಂಟೆಯೇ ಅಲ್ಲ.

ಪಂಚಾಯಿತಿ ಗುಮಾಸ್ತ ರಮೇಶ್‌ಬಾಬು ಮನೆಮನೆಗೂ ಬಂದು ಡಿಸ್ಚಾರ್ಜ್ ಬುಕ್ ನೋಡಿ ಬರೆದುಕೊಳ್ಳುತ್ತಿದ್ದ. ಸೈನ್ಯದಿಂದ ಬಿಡುಗಡೆಯಾಗುವ ದಿನ ಕೈಗೆ ಕೊಡುವ ಪುಸ್ತಕ ಅದು. ಅವನು ಚೆನ್ನರಾಯಪ್ಪನ ಮನೆಗೆ ಬಂದಾಗ ಹೆಂಡತಿ ಆಂಜಿನಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಹುಳು ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದಿತ್ತು, ಸೊಪ್ಪು ಹಾಕಿದಷ್ಟೂ ಸಾಲದು ಎನ್ನುವ ಹೊತ್ತು. ಆದರೂ ಕೈ ತೊಳೆದುಕೊಂಡು ಬಂದು ಟ್ರಂಕಿನಿಂದ ಪುಸ್ತಕ ತೆಗೆದುಕೊಟ್ಟಳು. ಗಂಡನ ಹೆಸರು ಬೋರ್ಡಿಗೆ ಹತ್ತುತ್ತದೆಂದರೆ ಹುಳು ಐದು ನಿಮಿಷ ಹಸಿದಿದ್ದರೇನಂತೆ.

ರಮೇಶ್‌ಬಾಬು ಪದಕದ ಪುಟ ತೆಗೆದವನೇ ಹುಬ್ಬು ಗಂಟಿಕ್ಕಿದ. ಪುಟದ ತುಂಬ ಅರಿಶಿನ, ಕುಂಕುಮ. ಮೇಲುಗಡೆ ಒಂದು ಸಾಲು ಮಾತ್ರ ಓದುವಂತಿತ್ತು.

"ಅಮ್ಮಾ, ಇದ್ರಲ್ಲಿ ಒಂದೇ ಪದಕ ಕಾಣ್ತಾ ಐತೆ. ಸೈನ್ಯ ಸೇವಾ ಪದಕ. ಅದನ್ನೇ ಬರ್ಕೊಳ್ಲಾ?"

"ಒಂದೇನಾ? ಸಿಯಾಚಿನ್ ಹಿಮದ ಮೇಲೆ ಇದ್ದು ಬಂದವರಲ್ವೇನಪ್ಪಾ ಅವರು!"

ಜಗಲಿಯಲ್ಲಿ ಚೆನ್ನರಾಯಪ್ಪನ ಜೊತೆ ಕೂತಿದ್ದ ಪಕ್ಕದ ಮನೆಯ ವೆಂಕಟರವಣಪ್ಪನಿಗೆ ಇಷ್ಟು ಸಿಕ್ಕಿದರೆ ಸಾಕಾಗಿತ್ತು. "ಏಮಪ್ಪಾ ಚೆನ್ನರಾಯಪ್ಪ," ಎಂದ, "ಮಂಜುಗಡ್ಡೆ ಮೇಲೆ ಕಾಲ್ಬೆರಳು ಬಿಟ್ಟು ಬಂದೆ ಅಂತಿದ್ದೆ. ಪುಸ್ತಕ ಬೇರೆ ಕಥೆ ಹೇಳ್ತದಲ್ಲಪ್ಪಾ! ಮಿಲಿಟ್ರಿ ಅಡಿಗೆ ಮನೇಲಿ ಕಾಲ್ಮೇಲೆ ಸೌದೆ ಬಿದ್ದಿದ್ದಾ ಹೆಂಗೆ?"

ಚೆನ್ನರಾಯಪ್ಪ ನಕ್ಕುಬಿಟ್ಟ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಕೊಟ್ಟು ಬಂದ ಮನುಷ್ಯ. ಯಾರ ಮಾತಿಗೂ ಕೆರಳುವವನಲ್ಲ. "ಬೆರಳು ಎಲ್ಲಿ ಹೋಯ್ತು ಅಂತ ಕಾಲಿಗೆ ಗೊತ್ತು. ಬೋರ್ಡಿಗೆ ಗೊತ್ತಾಗದಿದ್ರೆ ಏನೀಗ? ಬರ್ಕೊಳಪ್ಪಾ, ಒಂದೇ ಬರ್ಕೋ," ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೊರಟುಬಿಟ್ಟ. "ಒಂದು ವಾರ ಟೈಮ್ ಐತಮ್ಮ, ಬೇರೆ ಏನಾದ್ರೂ ಸಿಕ್ಕಿದ್ರೆ ತಿಳಿಸಿ," ಎಂದು ರಮೇಶ್‌ಬಾಬುವೂ ಎದ್ದ.

ಆಂಜಿನಮ್ಮ ಮಾತ್ರ ಪುಸ್ತಕ ತೆರೆದಿಟ್ಟುಕೊಂಡು ಅಲ್ಲೇ ಕೂತುಬಿಟ್ಟಳು. ಆ ಪುಟಕ್ಕೆ ಕುಂಕುಮ ಹಚ್ಚಿದವಳು ಅವಳೇ. ಪ್ರತಿ ವರ್ಷ ಆಯುಧಪೂಜೆಗೆ ಸೊಪ್ಪು ಕತ್ತರಿಸುವ ಮಚ್ಚು, ಹುಳು ಗೂಡು ಕಟ್ಟುವ ಚಂದ್ರಿಕೆ, ಮಗನ ಬೈಕು, ಇವುಗಳ ಸಾಲಿನಲ್ಲಿ ಗಂಡನ ಪುಸ್ತಕವನ್ನೂ ಇಟ್ಟು ಪೂಜೆ ಮಾಡುತ್ತಿದ್ದಳು. ಬಂದೂಕಂತೂ ಮನೆಯಲ್ಲಿಲ್ಲ, ಸಿಪಾಯಿಯ ಆಯುಧ ಎಂದು ಇದ್ದದ್ದು ಆ ಪುಸ್ತಕವೊಂದೇ. ಪದಕದ ಪುಟ ಯಾವುದೆಂದು ಕೇಳಿ ತಿಳಿದುಕೊಂಡು, ಶ್ರೇಷ್ಠವಾದ ಪುಟ ಅದೇ ಅಲ್ಲವೇ ಎಂದು, ಇಪ್ಪತ್ತೈದು ವರ್ಷ ಅಲ್ಲಿಗೇ ಒದ್ದೆ ಬೆರಳಿನಿಂದ ಬೊಟ್ಟಿಟ್ಟಿದ್ದಳು. ಈಗ ಅವಳಿಗೆ ಹೊಳೆದದ್ದು ಒಂದೇ. ಗಂಡನ ಪದಕವನ್ನು ತನ್ನ ಕುಂಕುಮವೇ ಅಳಿಸಿ ಹಾಕಿದೆ. ಅವನಿಗೆ ಹೇಳಲು ಬಾಯಿ ಬರಲಿಲ್ಲ. ಅನ್ನ ಸೇರಲಿಲ್ಲ. ಹುಳುವಿನ ಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

ಭಾನುವಾರ ಮಗ ಮುನೇಶ್ ಬಂದ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಪ್ಪ ತೋಟಕ್ಕೆ ಹೋದದ್ದು ನೋಡಿಕೊಂಡು ಅವಳು ಮಗನ ಮುಂದೆ ಎಲ್ಲ ಹೇಳಿಕೊಂಡಳು.

"ಅಯ್ಯೋ, ಇಷ್ಟಕ್ಕೆ ಅಳ್ತಾರೇನಮ್ಮಾ? ಒದ್ದೆ ಬಟ್ಟೇಲಿ ಒರೆಸಿ, ಅದೇ ತರ ಇಂಕಿನ ಪೆನ್ನಲ್ಲಿ ನಾನೇ ಬರೀತೀನಿ. ಸುಳ್ಳಂತೂ ಅಲ್ವಲ್ಲ!"

ಸುಳ್ಳಲ್ಲ ಎಂಬುದೇ ಆಂಜಿನಮ್ಮನಿಗೂ ಧೈರ್ಯ ಕೊಟ್ಟಿತು. ಆದರೆ ಪದಕದ ಹೆಸರನ್ನು ಸರಿಯಾಗಿ ಹೇಗೆ ಬರೆಯಬೇಕೋ ಇಬ್ಬರಿಗೂ ತಿಳಿಯದು. ಬಸ್ ಸ್ಟಾಂಡ್ ಪಕ್ಕ ಆನ್‌ಲೈನ್ ಅರ್ಜಿಗಳ ಸೇವಾ ಕೇಂದ್ರ ನಡೆಸುವ ತನುಜಳನ್ನು ಕೇಳಿ ಬರೋಣ ಎಂದು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಪುಣ್ಯಕ್ಕೆ ಹೊರಟಳು ಎನ್ನಬೇಕು.

ತನುಜ ಚಿಂತಾಮಣಿಯ ಹುಡುಗಿ, ಈ ಊರಿನ ಸೊಸೆ. ಅವಳ ತಂದೆಯೂ ಮಾಜಿ ಸೈನಿಕರು. ಆಂಜಿನಮ್ಮ ಹೇಳಿದ್ದು ಕೇಳಿ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

"ಬೇಡ ಅಕ್ಕಾ, ಖಂಡಿತಾ ಬೇಡ! ಈ ಪುಸ್ತಕದಲ್ಲಿ ನಾವು ಒಂದು ಚುಕ್ಕೆ ಇಡೋಂಗಿಲ್ಲ. ನಿಜಾನೇ ಬರೆದ್ರೂ ಅದು ತಪ್ಪು. ಕೈಬರಹ ಬೇರೆ ಅಂತ ಗೊತ್ತಾದ್ರೆ ಪೂರ್ತಿ ಪುಸ್ತಕದ ಮೇಲೇ ಅನುಮಾನ ಬರ್ತದೆ. ಕೇಸು ಕೂಡ ಆಗ್ಬೋದು."

"ಹಂಗಾದ್ರೆ ನಾನು ಅಳಿಸಿದ್ದು ಅಳಿಸ್ದಂಗೇನಾ?" ಆಂಜಿನಮ್ಮ ಪುಸ್ತಕವನ್ನು ಮುಂದಕ್ಕೆ ಚಾಚಿದಳು.

ತನುಜ ಪುಟವನ್ನು ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದಳು.

"ಅಕ್ಕಾ, ಇಲ್ಲಿ ನೋಡಿ. ಕುಂಕುಮದ ಕೆಳಗೆ ಅಚ್ಚಾಗಿರೋ ಗೆರೆ ಮಾತ್ರ ಐತೆ. ಪೆನ್ನು ಊರಿದ ಗುರುತೇ ಇಲ್ಲ. ನೀವು ಏನೂ ಅಳಿಸಿಲ್ಲ. ಇಲ್ಲಿ ಯಾರೂ ಏನೂ ಬರೆದೇ ಇಲ್ಲ."

"ದೇವ್ರಾಣೆಗೂ?"

"ದೇವ್ರಾಣೆಗೂ. ಅಳಿಸಿದ್ರೂ ಪದಕ ಎಲ್ಲಿಗೋಗ್ತದೆ? ನಿಮ್ ಪಹಣಿ ಮೇಲೆ ಕಾಫಿ ಚೆಲ್ಲಿದ್ರೆ ಜಮೀನು ಹೋಗ್ತದಾ? ತಾಲ್ಲೂಕು ಆಫೀಸಲ್ಲಿ ಅಸಲು ಇರಲ್ವಾ? ಇದೂ ಹಂಗೇ. ಪ್ರತಿಯೊಬ್ಬ ಸಿಪಾಯಿಯ ದಾಖಲೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಲ್ಲಿ ಇರ್ತದೆ. ನಮ್ಮಪ್ಪನ ಪುಸ್ತಕದಲ್ಲೂ ಒಂದು ಪದಕ ಬಿಟ್ಟೋಗಿತ್ತು. ಅರ್ಜಿ ಹಾಕಿ ಸರಿ ಮಾಡಿಸಿದ್ವಿ."

ಆಂಜಿನಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತಳು. ಎದೆಯ ಮೇಲಿನ ಬಂಡೆ ಇಳಿದ ಅಳು ಅದು. ಅತ್ತು ಮುಗಿಸಿದ ಕೂಡಲೇ ಸಿಟ್ಟು ಬಂತು. "ಹಂಗಾದ್ರೆ ಯಾಕೆ ಬರೆದಿಲ್ಲ ಅವರು? ಬೆರಳು ಕೊಟ್ಟು ಬಂದಿಲ್ವಾ ನಮ್ಮನೆಯವ್ರು? ನಡಿಯಮ್ಮಾ ತನುಜಾ, ಮನೆಗೆ ಹೋಗಣ. ನೀನೇ ಹೇಳು ಅವರಿಗೆ."

ಚೆನ್ನರಾಯಪ್ಪನನ್ನು ಒಪ್ಪಿಸುವುದು ಅಷ್ಟು ಸುಲಭವಾಗಿರಲಿಲ್ಲ. ಜಗಲಿಯಲ್ಲಿ ಕೂತು ಮಾತೆಲ್ಲ ಕೇಳಿಸಿಕೊಂಡು, ನಿಧಾನವಾಗಿ ತಲೆಯಾಡಿಸಿದ. "ಬೇಡಮ್ಮ. ಪದಕ ಅನ್ನೋದು ಕೊಡೋದು. ಕೇಳಿ ಇಸ್ಕೊಂಡ್ರೆ ಅದು ಭಿಕ್ಷೆ."

"ಭಿಕ್ಷೆ ಯಾಕಾಗ್ತದೆ ಭಾವ? ಹೊಸದಾಗಿ ಕೊಡಿ ಅಂತ ಕೇಳ್ತಿಲ್ಲ. ನಾನು ಅಲ್ಲಿದ್ದೆ, ನಿಮ್ಮ ದಾಖಲೆ ನೋಡಿ, ನನಗೆ ಸಲ್ಲಬೇಕಾದ್ದು ಇದ್ರೆ ಪುಸ್ತಕಕ್ಕೆ ಏರಿಸಿ ಅಂತ ಕೇಳೋದು. ನಿಮಗೆ ಬೆರಳು ಹೋದಾಗ ಎಲ್ಲಿದ್ರಿ?"

"ಹೆಲಿಕಾಪ್ಟರಲ್ಲಿ ಕೆಳಗೆ ತಂದ್ರು. ನಾಲ್ಕು ತಿಂಗಳು ಆಸ್ಪತ್ರೆ. ಆಮೇಲೆ ಬೇರೆ ಕಡೆ ಹಾಕಿದ್ರು."

"ಅದಕ್ಕೇ ಇರ್ಬೇಕು! ನಿಮ್ಮ ಯೂನಿಟ್ಟಲ್ಲಿ ಪದಕದ ಆದೇಶ ಬಂದಾಗ ನೀವು ಅಲ್ಲಿರಲಿಲ್ಲ. ಪುಸ್ತಕಕ್ಕೆ ಬರೆಯೋರು ನಿಮ್ಮನ್ನ ಕಂಡೇ ಇಲ್ಲ. ಬೇಕು ಅಂತ ಯಾರೂ ಬಿಟ್ಟಿಲ್ಲ."

"ಹೋಗ್ಲಿ ಬಿಡಮ್ಮ, ಈ ವಯಸ್ಸಲ್ಲಿ ಎದೆ ಮೇಲೆ ಹಾಕ್ಕೊಂಡು ಎಲ್ಲಿಗೋಗ್ಲಿ? ಸೊಪ್ಪು ಕೊಯ್ಯೋಕಾ?"

ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಆಂಜಿನಮ್ಮ ಈಗ ಮುಂದೆ ಬಂದಳು. "ನೀವು ಬಿಡು ಅಂದ್ರೆ ನಿಮಗೆ ಬಿಟ್ಟೋಯ್ತು. ನಾನು ಮೂರು ದಿನದಿಂದ ಅನ್ನ ತಿಂದಿಲ್ಲ, ಗೊತ್ತಾ? ನನ್ನ ಕುಂಕುಮಾನೇ ನಿಮ್ಮ ಪದಕ ತಿಂದಾಕ್ತು ಅಂದ್ಕೊಂಡಿದ್ದೆ. ಮುನೇಶ ಪೆನ್ನು ಹಿಡ್ಕೊಂಡು ಕಳ್ಳಬರಹ ಬರೆಯೋಕೆ ಕೂತಿದ್ದ. ನಾನೇ ಸರಿ ಅಂದಿದ್ದೆ. ಮಾನವಾಗಿ ಕೇಳೋದು ಭಿಕ್ಷೆನಾ, ಮನೇಲಿ ಕೂತು ಕಳ್ತನ ಮಾಡೋದು ಮೇಲಾ? ಹೇಳಿ!"

ಚೆನ್ನರಾಯಪ್ಪನ ಮುಖದ ನಗು ಹೋಯಿತು. ಮಗನನ್ನು ನೋಡಿದ, ಮುನೇಶ್ ತಲೆ ತಗ್ಗಿಸಿದ. ಹೆಂಡತಿಯನ್ನು ನೋಡಿದ. ಮೂರು ದಿನಕ್ಕೆ ಅವಳ ಮುಖ ಇಷ್ಟು ಇಳಿದಿದ್ದು ತನಗೆ ಕಾಣಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಅಲ್ಲಿನ ಹಿಮಾನೇ ನನ್ನ ಪೂರ್ತಿ ತಿನ್ನೋಕಾಗ್ಲಿಲ್ಲ, ನಿನ್ನ ಕುಂಕುಮ ತಿನ್ತದೇನೇ ಹುಚ್ಚಿ?" ಎಂದವನೇ ತನುಜಳ ಕಡೆ ತಿರುಗಿದ. "ಎಲ್ಲಿ ಸೈನ್ ಮಾಡ್ಬೇಕಮ್ಮಾ?"

ಅರ್ಜಿ ಅಂದೇ ಸಿದ್ಧವಾಯಿತು. ಸೈನ್ಯದ ನಂಬರು, ರ‍್ಯಾಂಕು, ಯೂನಿಟ್ಟು, ಹಿಮದ ಮೇಲೆ ಎಂದಿನಿಂದ ಎಂದಿನವರೆಗೆ ಇದ್ದದ್ದು, ಯಾವ ಪದಕ ಬಿಟ್ಟುಹೋಗಿದೆ, ಎಲ್ಲವನ್ನೂ ತನುಜ ಬರೆದಳು. ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಜೆರಾಕ್ಸ್, ಮಾಜಿ ಸೈನಿಕರ ಗುರುತಿನ ಚೀಟಿ, ಪಿಂಚಣಿ ಆದೇಶದ ಪ್ರತಿ ಸೇರಿಸಿದರು. ಟ್ರಂಕಿನ ತಳದಲ್ಲಿ ಮಿಲಿಟರಿ ಆಸ್ಪತ್ರೆಯ ಹಳೆಯ ಚೀಟಿಯೊಂದು ಸಿಕ್ಕಿತು, ಅದರ ಪ್ರತಿಯೂ ಸೇರಿತು. ಅಸಲು ಪುಸ್ತಕವನ್ನು ಅವರಾಗಿ ಕೇಳುವವರೆಗೆ ಕಳಿಸಬೇಡಿ ಎಂದಳು ತನುಜ. "ಇನ್ನು ಪೂಜೆ ಮಾಡೋದಾದ್ರೆ ಒಂದು ಚೀಲದಲ್ಲಿಟ್ಟು ಚೀಲಕ್ಕೆ ಮಾಡಿ ಅಕ್ಕಾ. ಲ್ಯಾಮಿನೇಷನ್ನೂ ಬೇಡ."

"ಏಜೆಂಟು ಯಾರಾದ್ರೂ ಬೇಕಾಗ್ತಾರಾ?" ಎಂದು ಕೇಳಿದ ವೆಂಕಟರವಣಪ್ಪ. ಅವನಿಗೆ ಶಿಡ್ಲಘಟ್ಟದಲ್ಲಿ ಎಲ್ಲ ಕೆಲಸಕ್ಕೂ ಒಬ್ಬ ಪರಿಚಯದವನಿರುತ್ತಾನೆ.

"ಯಾರೂ ಬೇಡ. ನಮ್ಮ ಜಿಲ್ಲೆ ನೋಡ್ಕೊಳ್ಳೋ ಸೈನಿಕ ಕಲ್ಯಾಣ ಕಚೇರಿ ಐತೆ. ಅವರೇ ರೆಕಾರ್ಡ್ ಆಫೀಸಿಗೆ ಕಳಿಸ್ತಾರೆ."

ಅರ್ಜಿಯನ್ನು ಆ ಕಚೇರಿಗೆ ಕೊಟ್ಟು ಬಂದ ಮೇಲೆ ಮೊದಲ ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಬಂದದ್ದು ಪದಕವಲ್ಲ, ಪ್ರಶ್ನೆ. ಆಸ್ಪತ್ರೆಗೆ ಸೇರಿದ ತಾರೀಕು ಸರಿಯಾಗಿ ತಿಳಿಸಿ ಎಂದಿತ್ತು. "ನಾ ಹೇಳಲಿಲ್ವಾ, ಏಜೆಂಟು ಬೇಕಾಗ್ತಾನೆ ಅಂತ?" ಎಂದ ವೆಂಕಟರವಣಪ್ಪ. ಆಂಜಿನಮ್ಮ ಆಸ್ಪತ್ರೆ ಚೀಟಿಯ ಇನ್ನೊಂದು ಪ್ರತಿ ಮಾಡಿಸಿ ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿ ಬಂದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತ ಹೋದರೆ ಕೆಲಸ ನಡೆಯುತ್ತದೆ, ಸಿಟ್ಟು ಮಾಡಿ ಕೂತರೆ ಅರ್ಜಿ ಕೂತಲ್ಲೇ ಕೂರುತ್ತದೆ. ಮತ್ತೆ ಮೂರು ತಿಂಗಳಿಗೆ ಅಸಲು ಪುಸ್ತಕ ಕಳಿಸಿ ಎಂಬ ಪತ್ರ ಬಂತು. ಕಳಿಸಿಕೊಟ್ಟರು. ಆಮೇಲೆ ಒಂದು ದಿನ ಕಚೇರಿಯಿಂದ ಫೋನು, ಬಂದು ಪುಸ್ತಕ ತೆಗೆದುಕೊಂಡು ಹೋಗಿ ಎಂದು.

ಪುಸ್ತಕದ ಹೊಸ ಸಾಲಿಗೆ ಸಹಿ ಇತ್ತು, ಮೊಹರು ಇತ್ತು. ಜೊತೆಗೆ ಪುಟ್ಟ ಪೆಟ್ಟಿಗೆಯಲ್ಲಿ ಪದಕ. ಜಗಲಿಯಲ್ಲಿ ತನುಜ ಗಟ್ಟಿಯಾಗಿ ಓದಿದಳು, "ಸಿಯಾಚಿನ್ ಗ್ಲೇಸಿಯರ್ ಪದಕ." ವೆಂಕಟರವಣಪ್ಪ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ತಪ್ಪಾಯ್ತಪ್ಪಾ," ಎಂದ. ಅವನ ಬಾಯಿಂದ ಆ ಮಾತು ಬಂದದ್ದನ್ನು ಊರು ಅದೇ ಮೊದಲು ಕೇಳಿದ್ದು. ಬೋರ್ಡಿಗೆ ಇನ್ನೊಂದು ಸಾಲು ಸೇರಿಸುತ್ತೇನೆ ಎಂದು ರಮೇಶ್‌ಬಾಬು ಹೇಳಿಹೋದ. ಆಂಜಿನಮ್ಮ ಎಲ್ಲರಿಗೂ ಪಾಯಸ ಬಡಿಸಿದಳು, ಅಂಥ ಹಿಗ್ಗು ಅವಳಿಗೆ.

ಚೆನ್ನರಾಯಪ್ಪ ಮಾತ್ರ ಪಾಯಸ ಮುಟ್ಟದೆ ಕೂತಿದ್ದ. "ಆವತ್ತು ಹೆಲಿಕಾಪ್ಟರಲ್ಲಿ ನಾನೊಬ್ಬನೇ ಅಲ್ಲ," ಎಂದ. "ಗೌರಿಬಿದನೂರು ಕಡೆ ಗಂಗುಲಪ್ಪ ಅಂತ ಒಬ್ಬ ಇದ್ದ. ನನ್ನ ಪಕ್ಕದಲ್ಲೇ ಮಲಗಿಸಿದ್ರು. ಅವನ್ನೂ ನನ್ನಂಗೇ ಬೇರೆ ಕಡೆ ಹಾಕಿದ್ರು. ಅವನ ಪುಸ್ತಕದಲ್ಲೂ ಇರಲ್ಲ."

"ಹೋಗಿ ಹೇಳಿ ಬರೋಣ," ಎಂದಳು ಆಂಜಿನಮ್ಮ.

"ಹೋಗಣ. ಅವನಿಲ್ಲ ಈಗ. ಹೆಂಡ್ತಿ ಇದ್ದಾಳೆ."

ಮರುದಿನ ಗಂಡ ಹೆಂಡತಿ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರಿಗೆ ಹೋದರು. ಗಂಗುಲಪ್ಪನ ಹೆಂಡತಿ ಅಕ್ಕಯ್ಯಮ್ಮ ಪುಸ್ತಕ ತಂದುಕೊಟ್ಟಳು. ಪದಕದ ಪುಟದಲ್ಲಿ ಅವನಿಗೂ ಆ ಸಾಲಿಲ್ಲ. ಸತ್ತವರ ಪುಸ್ತಕವನ್ನು ತಿದ್ದುತ್ತಾರೆಯೇ ಎಂದು ಅವಳಿಗೆ ಅನುಮಾನ. ಹೆಂಡತಿ, ಮಕ್ಕಳು ಕೂಡ ಅರ್ಜಿ ಹಾಕಬಹುದು ಎಂದು ಚೆನ್ನರಾಯಪ್ಪ ಬಿಡಿಸಿ ಹೇಳಿದ. ಅವಳು ತಲೆಯಾಡಿಸಿ ಮೆಲ್ಲಗೆ ಅಂದಳು, "ಹಾಕಣ ಅಣ್ಣಾ. ಆದ್ರೆ ಹಿಮದ ಮೇಲಿದ್ದೆ ಅಂದ್ರೆ ಮೊಮ್ಮಕ್ಕಳು ನಂಬಲ್ಲ ಅಂತ ಕೊನೆವರೆಗೂ ಕೊರಗ್ತಿದ್ರು. ಸತ್ತು ಎರಡೇ ವರ್ಷ ಆಯ್ತು. ಸ್ವಲ್ಪ ಮುಂಚೆ ಬರ್ಬಾರದಾಗಿತ್ತಾ?"

ಕೇಳುವುದು ಭಿಕ್ಷೆ ಎಂದುಕೊಂಡು ಇಪ್ಪತ್ತೈದು ವರ್ಷ ಸುಮ್ಮನೆ ಕೂತಿದ್ದ ಚೆನ್ನರಾಯಪ್ಪ ಕನ್ನಡಕ ಹಾಕಿಕೊಂಡು, ಬಿಳಿ ಹಾಳೆ ತರಿಸಿ, ಗೆಳೆಯನ ಅರ್ಜಿಯನ್ನು ತಾನೇ ತನ್ನ ಕೈಯಾರೆ ಬರೆಯತೊಡಗಿದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸೈನ್ಯದಲ್ಲಿ ದುಡಿದು ಬಂದವರಿದ್ದರೆ ಇವತ್ತೇ ಅವರ ಡಿಸ್ಚಾರ್ಜ್ ಬುಕ್ ತೆಗೆಸಿ. ಅವರು ಎಲ್ಲೆಲ್ಲಿ ಇದ್ದರೆಂದು ಪಕ್ಕದಲ್ಲಿ ಕೂತು ಕೇಳಿ, ಪದಕದ ಪುಟದ ಜೊತೆ ಹೋಲಿಸಿ ನೋಡಿ. ಏನಾದರೂ ಬಿಟ್ಟುಹೋಗಿದ್ದರೆ ನೀವಾಗಿ ಬರೆಯಬೇಡಿ, ತಿದ್ದಬೇಡಿ, ದಲ್ಲಾಳಿಯ ಕೈಗೆ ಕೊಡಬೇಡಿ. ಪ್ರತಿಗಳನ್ನು ಮಾಡಿಸಿಕೊಂಡು ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಅರ್ಜಿ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ತಡವಾದರೆ ಮತ್ತೆ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಗಂಗುಲಪ್ಪನಿಗೆ ಅವನ ಸಾಲನ್ನು ಓದಿ ಹೇಳಲು ಇನ್ನು ಯಾರಿಂದಲೂ ಆಗುವುದಿಲ್ಲ. ನಿಮ್ಮ ಮನೆಯವರು ಇನ್ನೂ ಜಗಲಿಯಲ್ಲಿ ಕೂತಿದ್ದಾರೆ.